ಕೆನ್ನೆ ಗುಳಿಬಿದ್ದಿದೆ, ಫಿಲ್ಲರ್ ಹಾಕಿಸಲೇ?

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನನಗೆ 48 ವರ್ಷ, ಹೈಸ್ಕೂಲಿನಲ್ಲಿ ಗಣಿತ ಟೀಚರ್. ಎರಡು ವರ್ಷದ ಹಿಂದೆ ಶುಗರ್ ಇದೆ ಅಂತ ಗೊತ್ತಾಯಿತು. ಅನ್ನ ಕಡಿಮೆ ಮಾಡಿ, ದಿನಾ ಬೆಳಿಗ್ಗೆ ವಾಕಿಂಗ್ ಮಾಡಿ 14 ಕೆಜಿ ಇಳಿಸಿದೆ. ಶುಗರ್ ಹಿಡಿತಕ್ಕೆ ಬಂತು, ಮುಖ ಮಾತ್ರ ಸೊರಗಿಹೋಯಿತು. ಕೆನ್ನೆ ಒಳಕ್ಕೆ ಹೋಗಿದೆ, ಮೂಗಿನ ಪಕ್ಕದಿಂದ ಬಾಯಿವರೆಗಿನ ಗೆರೆ ಆಳವಾಗಿದೆ, ಬಂಗು ಬೇರೆ ಇದೆ. ಸ್ಟಾಫ್ ರೂಮಿನಲ್ಲಿ ದಿನಕ್ಕೊಬ್ಬರಾದರೂ "ಹುಷಾರಿಲ್ವಾ ಟೀಚರ್?" ಅಂತ ಕೇಳುತ್ತಾರೆ. ವೈಶಾಖದಲ್ಲಿ ಮಗಳ ಮದುವೆ. ನನ್ನ ನಾದಿನಿ ಬೆಂಗಳೂರಿನಲ್ಲಿ ಕೆನ್ನೆ ತುಂಬುವ ಇಂಜೆಕ್ಷನ್, ಅದೇ ಫಿಲ್ಲರ್, ಹಾಕಿಸಿಕೊಂಡಿದ್ದಾಳೆ, ಚೆನ್ನಾಗಿಯೇ ಕಾಣುತ್ತಾಳೆ. ಇಲ್ಲಿಯ ಪಾರ್ಲರಿನವರು ತಿಂಗಳಿಗೊಮ್ಮೆ ಹೊರಗಿನಿಂದ ಡಾಕ್ಟರ್ ಬರುತ್ತಾರೆ, ಮದುವೆ ಪ್ಯಾಕೇಜಿನಲ್ಲಿ 18 ಸಾವಿರಕ್ಕೆ ಮಾಡಿಕೊಡುತ್ತೇವೆ ಅಂದಿದ್ದಾರೆ. ನಮ್ಮ ಯಜಮಾನರು "ಈ ವಯಸ್ಸಿನಲ್ಲಿ ಯಾಕೆ ಬೇಕು, ಜನ ನೋಡೋದು ಮದುಮಗಳನ್ನ" ಅಂತಾರೆ. ಬಲಗಡೆ ಮೇಲಿನ ಮೂರು ದವಡೆ ಹಲ್ಲು ತೆಗೆಸಿದ್ದೇನೆ. ಶುಗರ್ ಮಾತ್ರೆ ಜತೆ ರಕ್ತ ತೆಳುವಾಗುವ ಮಾತ್ರೆಯೂ ಇದೆ. ಹಾಕಿಸಲೇ, ಬೇಡವೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ಟೀಚರ್, 14 ಕೆಜಿ ಇಳಿಸಿ ಶುಗರನ್ನು ಹಿಡಿತಕ್ಕೆ ತಂದಿದ್ದೀರಲ್ಲ, ಅದಕ್ಕೆ ಮೊದಲು ನನ್ನ ಮೆಚ್ಚುಗೆ. ಕೆನ್ನೆ ತುಂಬಲಿ ಅಂತ ಯಾವ ಕಾರಣಕ್ಕೂ ಮತ್ತೆ ತೂಕ ಏರಿಸಬೇಡಿ. ಇನ್ನು ಯಜಮಾನರ ಮಾತು. ಅವರು ಪ್ರೀತಿಯಿಂದಲೇ ಹೇಳಿರಬಹುದು, ಆದರೂ ನಾನು ಒಪ್ಪುವುದಿಲ್ಲ. ಹಲ್ಲು ಕಟ್ಟಿಸುತ್ತೇವೆ, ತಲೆಗೆ ಬಣ್ಣ ಹಚ್ಚುತ್ತೇವೆ, ಅದಕ್ಕೆಲ್ಲ ಯಾರೂ ವಯಸ್ಸು ಕೇಳುವುದಿಲ್ಲ. ಹುಷಾರಾಗಿರುವ ಹೆಂಗಸನ್ನು ದಿನಾ "ಹುಷಾರಿಲ್ವಾ" ಅಂತ ಕೇಳಿದರೆ ಮನಸ್ಸಿಗೆ ಎಷ್ಟು ಹಿಂಸೆ ಆಗುತ್ತದೆ ಅಂತ ನನಗೆ ಗೊತ್ತು. ನನ್ನ ಎದುರು ಕುಳಿತು ಇದೇ ಮಾತು ಹೇಳಿ ಕಣ್ಣೀರು ಹಾಕಿದವರಿದ್ದಾರೆ.

ನಾನು 22 ವರ್ಷದಿಂದ ಚರ್ಮದ ಡಾಕ್ಟರು. ಫಿಲ್ಲರ್ ಹಾಕುತ್ತೇನೆ, ನಿಮಗೆ ಬೇಡಮ್ಮ ಅಂತ ವಾಪಸ್ ಕಳಿಸಿದವರೂ ಬಹಳ ಮಂದಿ. ನೀವು ಹಾಕಿಸಿಕೊಳ್ಳಬಹುದು. ಆದರೆ ಆ ಪಾರ್ಲರಿನಲ್ಲಿ ಖಂಡಿತ ಬೇಡ. ಹಲ್ಲಿನ ಡಾಕ್ಟರಿಗೆ ತೋರಿಸುವ ಮೊದಲೂ ಬೇಡ.

ಹಲ್ಲು ಯಾಕೆ ಅಂತೀರಾ? ಕೆನ್ನೆಗೆ ಒಳಗಿನಿಂದ ಆಸರೆ ಕೊಡುವುದೇ ದವಡೆ ಹಲ್ಲು ಮತ್ತು ಅದು ಕೂತಿರುವ ಎಲುಬು. ಹಲ್ಲು ಹೋದ ಜಾಗದಲ್ಲಿ ಎಲುಬು ನಿಧಾನಕ್ಕೆ ಸವೆಯುತ್ತದೆ, ಮೇಲಿನ ಕೆನ್ನೆ ಒಳಕ್ಕೆ ಕೂರುತ್ತದೆ. ನಿಮ್ಮ ಬಲಗೆನ್ನೆ ಎಡಗೆನ್ನೆಗಿಂತ ಹೆಚ್ಚು ಇಳಿದಿರಬೇಕು, ಕನ್ನಡಿಯಲ್ಲಿ ನೋಡಿಕೊಳ್ಳಿ. ಹಾಗಿದ್ದರೆ ಮೊದಲು ಹಲ್ಲು ಕಟ್ಟಿಸಿ. ಉಣ್ಣಲಿಕ್ಕೂ ಅನುಕೂಲ, ಫಿಲ್ಲರಿನ ಖರ್ಚೂ ಕಡಿಮೆಯಾದೀತು. ಹಲ್ಲಿನ ಕೆಲಸಕ್ಕೂ ಫಿಲ್ಲರಿಗೂ ನಡುವೆ ಕನಿಷ್ಠ ಎರಡು ವಾರ ಅಂತರ ಇರಲಿ. ಬಾಯಿಯಿಂದ ರಕ್ತಕ್ಕೆ ಸೇರುವ ಸೋಂಕು ಹೊಸದಾಗಿ ಹಾಕಿದ ಫಿಲ್ಲರಿನಲ್ಲಿ ನೆಲೆ ಮಾಡಿಕೊಳ್ಳಬಹುದು.

ಹಲ್ಲಿನದು ಮುಗಿದ ಮೇಲೆ ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ನನ್ನ ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಮಾಡಿಸುತ್ತೇನೆ. ಕೈಗನ್ನಡಿ ಹಿಡಿದು ಮಂಚದ ಮೇಲೆ ಅಂಗಾತ ಮಲಗಿ, ಕನ್ನಡಿಯನ್ನು ಮುಖದ ಮೇಲೆ ಹಿಡಿಯಿರಿ. ಬಾಯಿ ಪಕ್ಕದ ಗೆರೆ ಆಗ ಬಹುಮಟ್ಟಿಗೆ ಮಾಯವಾದರೆ ಚರ್ಮ ಜೋತುಬಿದ್ದಿದೆ ಅಂತ ತಿಳಿಯಿರಿ. ಜೋತ ಚರ್ಮವನ್ನು ತುಂಬಿ ಎತ್ತಲು ಹೋದರೆ ಸಿರಿಂಜಿನ ಮೇಲೆ ಸಿರಿಂಜು ಬೇಕಾಗುತ್ತದೆ, ಕೊನೆಗೆ ಮುಖ ಊದಿದಂತೆ ಕಾಣುತ್ತದೆ. ಮಲಗಿದಾಗಲೂ ಕೆನ್ನೆಯ ಗುಳಿ ಗುಳಿಯಾಗಿಯೇ ಉಳಿದರೆ ಒಳಗಿನ ಕೊಬ್ಬು ಕರಗಿದೆ ಅಂತ ಅರ್ಥ, ಫಿಲ್ಲರ್ ಕೆಲಸಕ್ಕೆ ಬರುವುದು ಅಲ್ಲಿ. 14 ಕೆಜಿ ಇಳಿದವರಲ್ಲಿ ಎರಡೂ ಸ್ವಲ್ಪ ಸ್ವಲ್ಪ ಇರುವುದು ಸಹಜ. ಬಂಗಿಗೆ ಮಾತ್ರ ಫಿಲ್ಲರಿನಿಂದ ಏನೂ ಆಗುವುದಿಲ್ಲ. ಸನ್‌ಸ್ಕ್ರೀನ್ ಇವತ್ತಿನಿಂದಲೇ ಶುರು ಮಾಡಿ. ಬಂಗು ತಿಳಿಯಾದರೇ ಮುಖದ ದಣಿವು ಅರ್ಧ ಕಡಿಮೆಯಾದಂತೆ ಕಾಣುತ್ತದೆ.

ಬೊಟಾಕ್ಸನ್ನೂ ಫಿಲ್ಲರನ್ನೂ ಒಂದೇ ಅಂದುಕೊಂಡವರು ಬಹಳ ಇದ್ದಾರೆ. ಬೊಟಾಕ್ಸ್ ಸ್ನಾಯುವನ್ನು ಸಡಿಲ ಮಾಡುತ್ತದೆ, ಮೂರು ನಾಲ್ಕು ತಿಂಗಳಲ್ಲಿ ಅದರ ಪರಿಣಾಮ ಇಳಿಯುತ್ತದೆ. ಫಿಲ್ಲರ್ ಅಂದರೆ ಚರ್ಮದ ಕೆಳಗೆ ತುಂಬುವ ಜೆಲ್. ಹೆಚ್ಚಾಗಿ ಬಳಸುವುದು ಹಯಲ್ಯುರಾನಿಕ್ ಆಮ್ಲದ್ದು. ಆಮ್ಲ ಅಂದ ಕೂಡಲೇ ಹೆದರಬೇಡಿ, ಸುಡುವಂಥದ್ದಲ್ಲ. ನಮ್ಮ ಚರ್ಮದಲ್ಲಿ, ಕೀಲಿನ ದ್ರವದಲ್ಲಿ, ಕಣ್ಣೊಳಗೆ ಇರುವ ಪದಾರ್ಥವೇ ಅದು. 1934ರಲ್ಲಿ ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣಿನಿಂದ. ಮಂಡಿನೋವಿಗೆ ಕೀಲಿನೊಳಗೆ ಕೊಡುವ ಒಂದು ಬಗೆಯ ಇಂಜೆಕ್ಷನ್ನಿನಲ್ಲೂ ಇದೇ ಇರುತ್ತದೆ. ನೀರನ್ನು ಹಿಡಿದಿಡುವ ಗುಣ ಇರುವುದರಿಂದ ಗುಳಿ ತುಂಬುತ್ತದೆ. ಅಮೆರಿಕದ ಔಷಧ ಇಲಾಖೆ ಇಂಥ ಜೆಲ್ಲನ್ನು ಮುಖಕ್ಕೆ ಒಪ್ಪಿದ್ದು 2003ರಲ್ಲಿ. ಒಂದು ಸಿರಿಂಜಿನಲ್ಲಿ ಇರುವುದು ಸಾಮಾನ್ಯವಾಗಿ 1 ಎಂ.ಎಲ್., ಅಂದರೆ ಟೀ ಚಮಚದ ಐದನೇ ಒಂದು ಪಾಲು. ನೀವು ಗಣಿತದವರು, ಲೆಕ್ಕ ಹಾಕಿ: ಗುಳಿಬಿದ್ದ ಎರಡು ಕೆನ್ನೆಗೆ ಅದು ಸಾಕಾಗುವುದು ಕಷ್ಟ. ಆ 18 ಸಾವಿರ ಎಷ್ಟು ಸಿರಿಂಜಿಗೆ, ಯಾವ ಕಂಪನಿಯ ಮಾಲಿಗೆ ಅಂತ ನಿಮ್ಮ ಪತ್ರದಲ್ಲಿಲ್ಲ. ಅವರು ಹೇಳಿಯೇ ಇಲ್ಲ ಅಂತ ಕಾಣುತ್ತದೆ. ಅದೂ ಒಂದು ಸಲ ಕೊಟ್ಟು ಮುಗಿಯುವ ದುಡ್ಡಲ್ಲ. ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಗುಣ ಇಳಿಯುತ್ತ ಬರುತ್ತದೆ.

ಈಗ ಪಾರ್ಲರಿನ ವಿಷಯ. ಕೆಲವು ವರ್ಷದ ಹಿಂದೆ ಒಂದು ಸೋಮವಾರ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಒಬ್ಬ ಹೆಣ್ಣುಮಗಳು ಮುಖಕ್ಕೆ ಸೆರಗು ಮುಚ್ಚಿಕೊಂಡು ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತಿದ್ದರು. ಭಾನುವಾರ ಮಧ್ಯಾಹ್ನ ಒಂದು ಕಡೆ ಬಾಯಿ ಪಕ್ಕದ ಗೆರೆಗೆ ಫಿಲ್ಲರ್ ಹಾಕಿಸಿಕೊಂಡಿದ್ದರು. ಹಾಕುವಾಗಲೇ ಮೂಗಿನ ಪಕ್ಕದ ಚರ್ಮ ಬೆಳ್ಳಗಾಯಿತಂತೆ, ನೋವು ಜೋರಾಯಿತಂತೆ. "ಐಸ್ ಇಡಿ, ಹೋಗುತ್ತೆ" ಅಂದರಂತೆ. ಹಾಕಿದವರು ಸಂಜೆ ಬಸ್ಸಿಗೆ ಊರು ಬಿಟ್ಟಿದ್ದರು. ರಾತ್ರಿಯಿಡೀ ಫೋನ್ ಮಾಡಿದರೂ ಎತ್ತಲಿಲ್ಲ. ಸೆರಗು ಸರಿಸಿದಾಗ ಮೂಗಿನ ಹೊಳ್ಳೆಯಿಂದ ಮೇಲ್ತುಟಿಯವರೆಗೆ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು, ಮೀನುಬಲೆ ಹಾಸಿದ ಹಾಗೆ ಗೆರೆಗೆರೆ. ಜೆಲ್ಲು ರಕ್ತನಾಳದೊಳಗೆ ಹೋಗಿ ಕಟ್ಟಿಕೊಂಡಿತ್ತು. ಪುಣ್ಯಕ್ಕೆ ಅದು ಹಯಲ್ಯುರಾನಿಕ್ ಜೆಲ್ಲೇ ಆಗಿತ್ತು. ಅದನ್ನು ಕರಗಿಸುವ ಹಯಲ್ಯುರಾನಿಡೇಸ್ ಅನ್ನುವ ಇಂಜೆಕ್ಷನ್ ಇದೆ. ಗಂಟೆ ಗಂಟೆಗೂ ಕೊಡುತ್ತ ಹೋದೆ, ಸಂಜೆ ಹೊತ್ತಿಗೆ ಚರ್ಮಕ್ಕೆ ಕೆಂಪು ಮರಳಿತು. ಹೊಳ್ಳೆಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಗುರುತು ಉಳಿಯಿತು, ಅಷ್ಟೇ. ಇನ್ನೊಂದು ದಿನ ತಡೆದಿದ್ದರೆ ಆ ಜಾಗ ಕಪ್ಪಾಗಿ ಉದುರುತ್ತಿತ್ತು.

ಹೀಗಾಗುವುದು ಅಪರೂಪ. ಕೈಪಳಗಿದ ಡಾಕ್ಟರ ಕೈಯಲ್ಲೂ ಆಗಬಹುದು, ಅದನ್ನು ಮುಚ್ಚಿಡಲಾರೆ. ಹುಬ್ಬುಗಳ ನಡುವೆ, ಮೂಗಿನ ಮೇಲೆ ಹಾಕುವಾಗ ಜೆಲ್ಲು ಕಣ್ಣಿನ ರಕ್ತನಾಳ ಸೇರಿ ದೃಷ್ಟಿಯೇ ಹೋದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಹೋದ ದೃಷ್ಟಿ ಮರಳುವುದು ತೀರಾ ಕಡಿಮೆ. ಅದಕ್ಕೇ ನನ್ನ ಕಳಕಳಿ: ರೇಟು ಕೇಳುವ ಮೊದಲು "ಕರಗಿಸುವ ಇಂಜೆಕ್ಷನ್ ನಿಮ್ಮಲ್ಲಿದೆಯಾ, ತೋರಿಸಿ" ಅಂತ ಕೇಳಿ. ಎದ್ದು ಹೋಗಿ ತಂದು ತೋರಿಸಿದರೆ ಕೂತು ಮುಂದಿನ ಮಾತಾಡಿ. "ಅದೆಲ್ಲ ಬೇಕಾಗಲ್ಲ ಮೇಡಂ" ಅಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ. "ಪರ್ಮನೆಂಟ್ ಫಿಲ್ಲರ್" ಅಂದರೂ ಹೊರಡಿ. ಕರಗಿಸಲಾಗದ್ದು ಹೆಚ್ಚುಕಡಿಮೆಯಾದರೆ ಮುಖದಲ್ಲೇ ಉಳಿಯುತ್ತದೆ. ಸಿಲಿಕೋನ್ ಅಂತೂ ಮುಖದ ಹತ್ತಿರ ಸುಳಿಯಬಾರದು.

ಹಾಕುವವರು ಚರ್ಮರೋಗ ತಜ್ಞರೋ ಪ್ಲಾಸ್ಟಿಕ್ ಸರ್ಜನ್ನೋ ಆಗಿರಲಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ, ಅದು ಮುಚ್ಚುಮರೆಯ ವಿಷಯವಲ್ಲ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಕ್ಲಿನಿಕ್ಕಿಗೂ ನೋಂದಣಿ ಬೇಕು, ಪ್ರಮಾಣಪತ್ರ ಕಾಣುವ ಹಾಗೆ ತೂಗುಹಾಕಿರಬೇಕು. ಡಬ್ಬಿಯನ್ನು ನಿಮ್ಮೆದುರೇ ಒಡೆಯಲಿ. ಅದರೊಳಗೆ ಬ್ಯಾಚ್ ನಂಬರಿನ ಸ್ಟಿಕ್ಕರ್ ಇರುತ್ತದೆ, ಒಂದನ್ನು ನಿಮ್ಮ ಫೈಲಿಗೆ ಅಂಟಿಸಿಸಿಕೊಳ್ಳಿ. ರಾತ್ರಿ ಹತ್ತಕ್ಕೆ ತೊಂದರೆಯಾದರೆ ಯಾರಿಗೆ ಫೋನ್ ಮಾಡಲಿ ಅಂತಲೂ ಕೇಳಿ. ತಿಂಗಳಿಗೊಮ್ಮೆ ಬಂದು ಹೋಗುವವರ ಹತ್ತಿರ ಈ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ರಕ್ತ ತೆಳುವಾಗುವ ಮಾತ್ರೆಯನ್ನು ದಯವಿಟ್ಟು ನೀವಾಗಿ ನಿಲ್ಲಿಸಬೇಡಿ. ಯಾರು ಕೊಟ್ಟಿದ್ದಾರೋ ಆ ಡಾಕ್ಟರನ್ನೇ ಕೇಳಿ. ಅವರು ಮುಂದುವರಿಸಿ ಅಂದರೆ ನೀಲಿಗಟ್ಟುವುದು ಸ್ವಲ್ಪ ಹೆಚ್ಚಾಗಬಹುದು, ಹೃದಯಕ್ಕಿಂತ ಕೆನ್ನೆ ದೊಡ್ಡದಲ್ಲ. ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ರಿಪೋರ್ಟನ್ನೂ ಒಯ್ಯಿರಿ. ತೂಕ ಇನ್ನೂ ಇಳಿಯುತ್ತಲೇ ಇದ್ದರೆ ಅದು ನಿಲ್ಲುವವರೆಗೆ ಕಾಯಿರಿ.

ವೈಶಾಖಕ್ಕೆ ಇನ್ನೂ ಆರು ತಿಂಗಳಿದೆ. ಈಗ ಹಲ್ಲು, ಬಂಗಿನ ಚಿಕಿತ್ಸೆ. ಸಂಕ್ರಾಂತಿ ಕಳೆದ ಮೇಲೆ ಫಿಲ್ಲರ್, ಮೊದಲ ಸಲ ಒಂದೇ ಸಿರಿಂಜು ಸಾಕು. ಊತ, ನೀಲಿ ಕಲೆ ಇಳಿಯಲು ಒಂದೆರಡು ವಾರ ಬೇಕು. ತಿಂಗಳಾದ ಮೇಲೆ ಕನ್ನಡಿ ನೋಡಿ ಇನ್ನೊಂದು ಬೇಕೋ ಬೇಡವೋ ನಿರ್ಧರಿಸಿ. ಚಪ್ಪರ ಹಾಕುವ ವಾರದಲ್ಲಿ ಮಾತ್ರ ಯಾರು ಎಷ್ಟು ಹೇಳಿದರೂ ಸೂಜಿಗೆ ಮುಖ ಕೊಡಬೇಡಿ. ಡಾಕ್ಟರ ಹತ್ತಿರ ಹೋಗುವಾಗ ಹತ್ತು ವರ್ಷದ ಹಿಂದಿನ ನಿಮ್ಮದೇ ಒಂದು ಫೋಟೊ ತೆಗೆದುಕೊಂಡು ಹೋಗಿ, ನಾದಿನಿಯದು ಬೇಡ.

ಪ್ರಶ್ನೆ: ಮೇಡಂ, ನನಗೆ 23. ತುಟಿ ತೆಳ್ಳಗಿದೆ ಅಂತ ವಿಡಿಯೊ ನೋಡಿ ಸೂಜಿ ಇಲ್ಲದ ಫಿಲ್ಲರ್ ಪೆನ್ನನ್ನು ಆನ್‌ಲೈನಿನಲ್ಲಿ ತರಿಸಿ ಪಿಜಿಯಲ್ಲೇ ಹಾಕಿಕೊಂಡೆ. ಮೂರು ವಾರವಾಯಿತು, ಮೇಲ್ತುಟಿಯಲ್ಲಿ ಕಡಲೆಕಾಳಿನಷ್ಟು ಗಂಟು ಉಳಿದಿದೆ. ನೋವಿಲ್ಲ. ಇನ್ನೊಂದು ಸಲ ಹಾಕಿದರೆ ಸಮ ಆಗುತ್ತದಾ? ಮನೆಯಲ್ಲಿ ಹೇಳಿಲ್ಲ.
— ಎಸ್., ಬೆಂಗಳೂರು

ಉತ್ತರ: ಇನ್ನೊಂದು ಸಲ ಹಾಕಬೇಡಿ ಮಗು. ಆ ಪೆನ್ನು ಜೆಲ್ಲನ್ನು ಒತ್ತಡದಿಂದ ಚರ್ಮದೊಳಕ್ಕೆ ತಳ್ಳುತ್ತದೆ, ಎಷ್ಟು ಆಳಕ್ಕೆ ಹೋಗುತ್ತದೆ ಅನ್ನುವುದು ಹಿಡಿದವರ ಕೈಯಲ್ಲಿಲ್ಲ. ಅದನ್ನು ಬಳಸಬೇಡಿ ಅಂತ 2021ರಲ್ಲೇ ಅಮೆರಿಕದ ಔಷಧ ಇಲಾಖೆ ಎಚ್ಚರಿಕೆ ಕೊಟ್ಟಿದೆ. ಗಂಟನ್ನು ಹಿಸುಕಬೇಡಿ, ಹಲ್ಲಿನಿಂದ ಕಚ್ಚಬೇಡಿ. ಈ ವಾರವೇ ಚರ್ಮದ ಡಾಕ್ಟರಿಗೆ ತೋರಿಸಿ. ನೋವು, ಕೆಂಪು, ಜ್ವರ ಶುರುವಾದರೆ ಅದೇ ದಿನ ಹೋಗಿ. ಒಳಗೆ ಹೋಗಿರುವುದು ಹಯಲ್ಯುರಾನಿಕ್ ಜೆಲ್ಲಾದರೆ ಕರಗಿಸಬಹುದು. ಆ ಸೀಸೆಯಲ್ಲಿ ಇದ್ದದ್ದು ನಿಜವಾಗಿ ಏನು ಅನ್ನುವುದೇ ಕಷ್ಟದ ಪ್ರಶ್ನೆ, ಆದ್ದರಿಂದ ಸೀಸೆ, ಡಬ್ಬಿ, ಬಿಲ್ಲು ಯಾವುದನ್ನೂ ಎಸೆಯದೆ ಜತೆಗೆ ಒಯ್ಯಿರಿ. ತುಟಿಯ ಮೇಲೆ ಆಗಾಗ ಜ್ವರದ ಗುಳ್ಳೆ ಏಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಮನೆಯಲ್ಲಿ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು, ಬೈಸಿಕೊಳ್ಳುವ ಭಯ ನನಗೆ ಅರ್ಥವಾಗುತ್ತದೆ. ಆದರೆ ಒಬ್ಬರೇ ಹೋಗಬೇಡಿ, ಪಿಜಿಯ ಗೆಳತಿಯೊಬ್ಬಳನ್ನು ಜತೆಗೆ ಕರೆದುಕೊಂಡು ಹೋಗಿ.