ವಿಧಿಗೆ ಕಾರಣ ಕೇಳಬಹುದೇ? ಯಹೂದಿ ಚಿಂತನೆ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ (ಮೈಸೂರು): ಹಂದಿಮಾಂಸದ ನಿಷೇಧ ಆರೋಗ್ಯಕ್ಕಾಗಿ, ಸಬ್ಬತ್ (ಶನಿವಾರದ ಪವಿತ್ರ ದಿನ) ವಿಶ್ರಾಂತಿಗಾಗಿ ಎನ್ನುತ್ತಾರೆ. ಫ್ರಿಜ್ಜು, ವಾರದ ರಜೆ ಎಲ್ಲ ಬಂದ ಮೇಲೂ ಯಹೂದಿಗಳು ಈ ವಿಧಿಗಳನ್ನು ಏಕೆ ಬಿಡಲಿಲ್ಲ?

ಉತ್ತರ: ಬಿಟ್ಟವರೂ ಇದ್ದಾರೆ. ಅಮೆರಿಕದ ರಿಫಾರ್ಮ್ (ಸುಧಾರಣಾವಾದಿ) ಪಂಥದ ರಬ್ಬಿಗಳು, ಅಂದರೆ ಧರ್ಮಗುರುಗಳು, 1885ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಸೇರಿ, ಆಹಾರ, ಶುದ್ಧಿ, ಉಡುಪಿನ ನಿಯಮಗಳು ತಮಗೆ ಅನ್ವಯಿಸುವುದಿಲ್ಲವೆಂದು ಘೋಷಿಸಿದರು. ಉಳಿಸಿಕೊಂಡವರು ಆರೋಗ್ಯದ ಲೆಕ್ಕ ಹಾಕಿ ಉಳಿಸಿಕೊಂಡದ್ದಲ್ಲ.

ಆ ಲೆಕ್ಕ ಹಳೆಯದು. 12ನೇ ಶತಮಾನದ ಯಹೂದಿ ತತ್ತ್ವಜ್ಞಾನಿ ಮೈಮೊನಿಡೀಸ್ ಸ್ವತಃ ವೈದ್ಯ. 'ಗೊಂದಲಗೊಂಡವರಿಗೆ ಮಾರ್ಗದರ್ಶಿ' ಎಂಬ ಗ್ರಂಥದಲ್ಲಿ ಹಂದಿ ಕೊಳಕು ತಿನ್ನುವ ಪ್ರಾಣಿ ಎಂದೇ ಬರೆದ. ಆದರೆ ಅದೇ ಗ್ರಂಥದಲ್ಲಿ ಒಂದು ಗಡಿಯನ್ನೂ ಎಳೆದ. ಬಲಿ ಏಕೆ ಎಂದು ಕೇಳಿ, ಉತ್ತರವುಂಟು. ಈ ಬಲಿಗೆ ಕುರಿಮರಿ, ಆ ಬಲಿಗೆ ಟಗರು ಏಕೆ, ಸಂಖ್ಯೆ ಇಷ್ಟೇ ಏಕೆ ಎಂದು ಕೆದಕುವುದು ಮರುಳು. ವಿಧಿಗೆಲ್ಲ ಲೌಕಿಕ ಪ್ರಯೋಜನವಿದೆ ಎಂಬ ವಾದ ಮುಗ್ಗರಿಸುವುದು ಇಂಥ ವಿವರದಲ್ಲೇ. ಮಾಂಸ ಉಂಡ ಮೇಲೆ ಹಾಲಿನ ಪದಾರ್ಥ ಮುಟ್ಟಲು ಹೆಚ್ಚಿನ ಸಂಪ್ರದಾಯಸ್ಥರು 6 ಗಂಟೆ ಕಾಯುತ್ತಾರೆ, ಜರ್ಮನ್ ಮೂಲದವರು 3, ಡಚ್ ಮೂಲದವರು 1. ಯಾವ ಜೀರ್ಣಶಾಸ್ತ್ರವೂ ಈ ಮೂರು ಅಂಕಿಗಳನ್ನು ಒಟ್ಟಿಗೆ ಸಮರ್ಥಿಸಲಾರದು.

ಆಧುನಿಕ ಕಾಲದಲ್ಲಿ ಇದಕ್ಕೆ ಮೊದಲ ಗಟ್ಟಿ ಉತ್ತರ ಕೊಟ್ಟವನು ಬರ್ಲಿನ್ನಿನ ಮೋಸೆಸ್ ಮೆಂಡೆಲ್ಸನ್. ಮತಕ್ಕೆ ಯಾರನ್ನೂ ಬಲವಂತ ಮಾಡುವ ಅಧಿಕಾರವಿಲ್ಲ ಎಂಬುದು ಅವನ ನಿಲುವು. 'ಮೋಶೆಯ ಧರ್ಮಶಾಸ್ತ್ರವೇ ಶಿಕ್ಷೆಯ ಮೇಲೆ ನಿಂತಿದೆ. ಹೀಗೆನ್ನುವ ನೀನು ಯಹೂದಿಯಾಗಿ ಉಳಿದದ್ದು ಹೇಗೆ' ಎಂದು 1782ರಲ್ಲಿ ಒಂದು ಅನಾಮಧೇಯ ಕಿರುಹೊತ್ತಗೆ ಅವನನ್ನು ಕೆಣಕಿತು. ಮರುವರ್ಷ ಬಂದ ಅವನ ಗ್ರಂಥ 'ಜೆರುಸಲೇಮ್' ಅದಕ್ಕೆ ಉತ್ತರ. ಮನುಷ್ಯನ ಒಳಿತಿಗೆ ಬೇಕಾದ ಶಾಶ್ವತ ಸತ್ಯಗಳನ್ನು ದೇವರು ಒಂದು ಜನಾಂಗಕ್ಕೆ ಗುಟ್ಟಾಗಿ ಹೇಳಲಿಲ್ಲ. ಅವು ಬುದ್ಧಿಯ ಮೂಲಕ ಎಲ್ಲರಿಗೂ ಸಿಗುತ್ತವೆ. ಸೀನಾಯಿ ಬೆಟ್ಟದಲ್ಲಿ ಮೋಶೆಯ ಮೂಲಕ ಸಿಕ್ಕಿದ್ದು ಸಿದ್ಧಾಂತವಲ್ಲ, ಆಚರಣೆಯ ವಿಧಿ. ವಿಧಿಯೇ ಏಕೆ? ಚಿತ್ರ ಬರೆದಿಟ್ಟರೆ ಜನ ಅದನ್ನೇ ಪೂಜಿಸುತ್ತಾರೆ. ಅಕ್ಷರದಲ್ಲಿ ಬರೆದಿಟ್ಟರೆ ಹಾಳೆ ಓದುತ್ತಾರೆ, ಒಬ್ಬರನ್ನೊಬ್ಬರು ಮಾತಾಡಿಸುವುದಿಲ್ಲ. ಕ್ರಿಯೆ ಹಾಗಲ್ಲ: ಮಾಡಿದೊಡನೆ ಮುಗಿಯುತ್ತದೆ, ಪೂಜಿಸಲು ಏನನ್ನೂ ಉಳಿಸುವುದಿಲ್ಲ, ನೋಡಿದ ಮಗು 'ಇದೇಕೆ' ಎಂದು ಹಿರಿಯರನ್ನು ಕೇಳುತ್ತದೆ. ಆಚರಣೆಯನ್ನು ಅವನು ಜೀವಂತ ಲಿಪಿ ಎಂದದ್ದು ಈ ಅರ್ಥದಲ್ಲಿ.

ನಮ್ಮ ನೆರೆಯ ಕೊಂಕಣದ ಯಹೂದಿಗಳಾದ ಬೆನೆ ಇಸ್ರಾಯೇಲಿಗಳು ಈ ಮಾತಿಗೆ ಒಳ್ಳೆಯ ಸಾಕ್ಷಿ. ರಬ್ಬಿಗಳ ಶಾಸ್ತ್ರಚರ್ಚೆಯ ಗ್ರಂಥವಾದ ತಾಲ್ಮುಡ್‌ನ ಪರಿಚಯವಿಲ್ಲದೆ ಶತಮಾನಗಳನ್ನು ಕಳೆದ ಈ ಎಣ್ಣೆ ಗಾಣದವರು ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಊರವರ ಬಾಯಲ್ಲಿ 'ಶನಿವಾರ ತೇಲಿ'ಗಳಾದರು (ತೇಲಿ ಎಂದರೆ ಗಾಣಿಗ). ಗ್ರಂಥ ಇಲ್ಲದ ಕಡೆಯಲ್ಲೂ ಕ್ರಿಯೆ ಉಳಿದಿತ್ತು.

ಮೆಂಡೆಲ್ಸನ್‌ನ ವಾದದಲ್ಲಿ ಬಿರುಕೂ ಉಂಟು. ಸತ್ಯವನ್ನು ನೆನಪಿಸುವುದಷ್ಟೇ ಆಚರಣೆಯ ಕೆಲಸವಾದರೆ, ನೆನಪು ಗಟ್ಟಿಯಿರುವವನಿಗೆ ಅದು ಏಕೆ ಬೇಕು? ಅವನ ಮೊಮ್ಮಗ, ಸಂಗೀತಗಾರ ಫೆಲಿಕ್ಸ್‌ಗೆ 1816ರಲ್ಲಿ ಕ್ರೈಸ್ತ ದೀಕ್ಷೆಯಾದದ್ದನ್ನು ಎತ್ತಿ ತೋರಿಸಿ ತಾತನ ತತ್ತ್ವವೇ ಸೋತಿತು ಎನ್ನುವವರಿದ್ದಾರೆ. ಅದು ಅಗ್ಗದ ವಾದ. ಆ ಕಾಲದ ಬರ್ಲಿನ್ನಿನಲ್ಲಿ ಮತಾಂತರಕ್ಕೆ ಲೌಕಿಕ ಕಾರಣಗಳು ಬೇಕಾದಷ್ಟಿದ್ದವು. ಬಿರುಕು ಮಾತ್ರ ನಿಜ.

ಪ್ರಶ್ನೆ (ಧಾರವಾಡ): ಯೆಶಾಯಾಹು ಲೀಬೊವಿಟ್ಸ್ ಹೇಳುವುದು ನಮ್ಮ ನಿಷ್ಕಾಮ ಕರ್ಮವನ್ನೇ ಅಲ್ಲವೇ?

ಉತ್ತರ: ಹತ್ತಿರ ಬರುತ್ತದೆ, ಕೊನೆಯ ಹೆಜ್ಜೆಯಲ್ಲಿ ಕವಲೊಡೆಯುತ್ತದೆ. ರೀಗಾದಲ್ಲಿ ಹುಟ್ಟಿ, ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ಕಲಿಸಿದ ಲೀಬೊವಿಟ್ಸ್ (1903–1994) ವಿಧಿಗೆ ಆರೋಗ್ಯ, ನೀತಿ, ಸಮಾಜ, ಮನಶ್ಶಾಂತಿ ಹೀಗೆ ಯಾವ ಕಾರಣ ಕೊಟ್ಟರೂ ಒಪ್ಪುತ್ತಿರಲಿಲ್ಲ. ಮನುಷ್ಯನ ಅಗತ್ಯಕ್ಕಾಗಿ ಮಾಡಿದರೆ ಅದು ಮನುಷ್ಯನ ಸೇವೆಯೇ ಹೊರತು ದೇವರದ್ದಲ್ಲ. ದಿನಕ್ಕೆರಡು ಬಾರಿ ಹೇಳುವ 'ಶೆಮಾ' ಪ್ರಾರ್ಥನೆಯನ್ನೇ ಅವನು ಆಧಾರವಾಗಿ ತೋರಿಸುತ್ತಾನೆ. ಅದರ ಮೊದಲ ಭಾಗ (ಧರ್ಮೋಪದೇಶಕಾಂಡ 6) ಬರಿಯ ಆಜ್ಞೆ. ಎರಡನೆಯದು (ಅದೇ ಕಾಂಡ, 11) ವಿಧೇಯರಾದರೆ ಹೊತ್ತಿಗೆ ಸರಿಯಾಗಿ ಮಳೆ ಎಂದು ಫಲ ಹೇಳುತ್ತದೆ. ಫಲವಿಲ್ಲದ್ದು ಮೇಲು, ಫಲದ್ದು, ಅಷ್ಟು ಎತ್ತರಕ್ಕೆ ಏರಲಾರದವರಿಗೆ ಕೊಟ್ಟ ರಿಯಾಯಿತಿ.

ಈಗ ಗೀತೆಗೆ ಬನ್ನಿ. ಶಂಕರರ ಭಾಷ್ಯದ ಹಾದಿಯಲ್ಲಿ ನಿಷ್ಕಾಮ ಕರ್ಮದಿಂದ ಚಿತ್ತಶುದ್ಧಿ, ಅದರಿಂದ ಜ್ಞಾನ. ಕರ್ಮ ಅಲ್ಲಿ ಮೆಟ್ಟಿಲು. ಲೀಬೊವಿಟ್ಸ್‌ಗೆ ಮೆಟ್ಟಿಲೆಂಬುದೇ ಇಲ್ಲ. ಇಂದು ಪ್ರಾರ್ಥಿಸಿದವನು ನಾಳೆ ಮತ್ತೆ ಮೊದಲಿನಿಂದಲೇ ಪ್ರಾರ್ಥಿಸಬೇಕು, ಏನೂ ಕೂಡಿಬರುವುದಿಲ್ಲ. ಹೋಲಿಕೆ ಬೇಕೆಂದರೆ ಪೂರ್ವಮೀಮಾಂಸೆಯ ಪ್ರಾಭಾಕರರನ್ನು ನೋಡಿ: ವಿಧಿವಾಕ್ಯವೇ ಪ್ರೇರಕ, ಫಲದ ಆಸೆಯಲ್ಲ ಎಂದವರು ಅವರು. ಆದರೆ ಮೀಮಾಂಸಕರ ವೇದ ಅಪೌರುಷೇಯ, ಆಜ್ಞಾಪಿಸುವವನೇ ಇಲ್ಲ. ಇಲ್ಲಿ ಆಜ್ಞಾಪಿಸುವವನನ್ನು ಬಿಟ್ಟರೆ ಬೇರೇನೂ ಇಲ್ಲ.

ಲೀಬೊವಿಟ್ಸ್‌ನ ತರ್ಕದಲ್ಲಿ ತೂತು ಹುಡುಕುವುದು ಕಷ್ಟ, ಅದನ್ನು ಒಪ್ಪಿ ಬದುಕುವುದು ಇನ್ನೂ ಕಷ್ಟ. ನೆರೆಯವನನ್ನು ಪ್ರೀತಿಸು ಎಂಬುದೂ ಒಂದು ವಿಧಿ. ನೆರೆಯವನಿಗಾಗಿ ಅಲ್ಲದೆ ಆಜ್ಞೆ ಎಂಬ ಕಾರಣಕ್ಕೆ ಪ್ರೀತಿಸಿದರೆ ಅದನ್ನು ಪ್ರೀತಿ ಎನ್ನುವುದು ಹೇಗೆ? ಅವನ ವಾದ ನನಗೆ ಸಾಲದೆನಿಸುವುದು ಇಲ್ಲಿ.

ಪ್ರಶ್ನೆ (ಶಿವಮೊಗ್ಗ): ಬೂಬರ್ ಮತ್ತು ರೋಸೆನ್‌ಜ್ವೈಗ್ ಸ್ನೇಹಿತರಾಗಿದ್ದೂ ಈ ವಿಷಯದಲ್ಲಿ ಬೇರಾದದ್ದು ಏಕೆ?

ಉತ್ತರ: ಇಬ್ಬರೂ 20ನೇ ಶತಮಾನದ ಯಹೂದಿ ಚಿಂತಕರು. ಬೂಬರ್‌ಗೆ ದೈವದ ಪ್ರಕಟಣೆ ಎಂದರೆ ಭೇಟಿ, ಅದು ಕಾನೂನಾದ ಕೂಡಲೇ ಹೆಪ್ಪುಗಟ್ಟುತ್ತದೆ. 1923ರಲ್ಲಿ ರೋಸೆನ್‌ಜ್ವೈಗ್ ಅವನಿಗೆ ಬರೆದ ಬಹಿರಂಗ ಪತ್ರದ ಹೆಸರು 'ಕಟ್ಟುವವರು'. ಪುಸ್ತಕದಲ್ಲಿರುವಾಗ ವಿಧಿ ಕಾನೂನು, ಸರಿ. ಮಾಡುವ ಗಳಿಗೆಯಲ್ಲಿ ಅದೇ ನನ್ನನ್ನು ಉದ್ದೇಶಿಸಿದ ಆಜ್ಞೆಯಾಗಬಲ್ಲದು, ಮಾಡದೆ ಅದು ತಿಳಿಯುವುದಿಲ್ಲ ಎಂಬುದು ಅವನ ವಾದ. ಹಾಗಾದರೆ ಯಹೂದಿ ಸಂಪ್ರದಾಯ ಎಣಿಸುವ 613 ವಿಧಿಗಳಲ್ಲಿ ಯಾವುದನ್ನು ಮಾಡಬೇಕು? ಇಷ್ಟ ಬಂದದ್ದನ್ನಲ್ಲ, ನನ್ನಿಂದ ಆಗುವುದನ್ನು. ಈಗ ಆಗದ್ದು ಮುಂದೆ ಆದೀತು, ಬಾಗಿಲು ಹಾಕಬಾರದು. ಅಷ್ಟೇ ಅಲ್ಲ, ಸೀನಾಯಿಯ ಘಟನೆಯನ್ನು ಚಾರಿತ್ರಿಕ ಸತ್ಯವೆಂದು ಸ್ಥಾಪಿಸಿ ಅದರ ಮೇಲೆ ವಿಧಿಯನ್ನು ನಿಲ್ಲಿಸಿದ ಸಂಪ್ರದಾಯಸ್ಥರನ್ನೂ ಅವನು ಟೀಕಿಸಿದ: ಸಾವಿರಾರು ವರ್ಷ ಜನ ಇದನ್ನು ಪಾಲಿಸಿದ್ದು ಅಂಥ ಪುರಾವೆ ನೋಡಿಯಲ್ಲ. ಬೂಬರ್ ಪತ್ರಗಳಲ್ಲಿ ಉತ್ತರಿಸಿದ, ಒಪ್ಪಲಿಲ್ಲ.

ಮೆಂಡೆಲ್ಸನ್, ಲೀಬೊವಿಟ್ಸ್, ರೋಸೆನ್‌ಜ್ವೈಗ್ ಈ ಮೂವರಲ್ಲಿ ಪ್ರಾಮಾಣಿಕ ಉತ್ತರ ರೋಸೆನ್‌ಜ್ವೈಗ್‌ನದು ಎಂದು ನನ್ನ ಎಣಿಕೆ. ತೊಡಕೂ ಅಲ್ಲೇ ಇದೆ. ಸಾಮೂಹಿಕ ಪ್ರಾರ್ಥನೆಗೆ 10 ಜನ ಬೇಕೇ ಬೇಕು. ಪ್ರತಿಯೊಬ್ಬನೂ ತನ್ನಿಂದಾಗುವಷ್ಟನ್ನೇ ಅಳೆಯುತ್ತ ಕೂತರೆ ಹತ್ತನೆಯವನು ಬರುವ ಖಾತ್ರಿ ಏನು?

ಪ್ರಶ್ನೆ (ಬೆಂಗಳೂರು): ಸಬ್ಬತ್ತಿನಂದು ಬೆಂಕಿ ಹೊತ್ತಿಸಬಾರದು, ಸರಿ. ಲೈಟಿನ ಸ್ವಿಚ್ ಒತ್ತುವುದು ಬೆಂಕಿ ಹೇಗಾಗುತ್ತದೆ?

ಉತ್ತರ: ಯಹೂದಿ ವಿಧಿಗಳ ಪ್ರಾಚೀನ ಸಂಗ್ರಹವಾದ ಮಿಷ್ನಾದ ಸಬ್ಬತ್ ಪ್ರಕರಣ (7:2) 39 ಬಗೆಯ ಕೆಲಸಗಳನ್ನು ಹೆಸರಿಸುತ್ತದೆ. ಹೊಸ ವಸ್ತು ಬಂದಾಗ ಕೇಳುವ ಪ್ರಶ್ನೆ 'ಇದು ಶ್ರಮವೇ' ಎಂದಲ್ಲ, '39ರಲ್ಲಿ ಯಾವುದಕ್ಕೆ ಸೇರುತ್ತದೆ' ಎಂದು. ಹಳೆಯ ಬಲ್ಬಿನ ತಂತಿ ಕಾದು ಕೆಂಪಾಗುತ್ತದೆ, ಆದ್ದರಿಂದ ಅದು ಹೊತ್ತಿಸುವುದೇ ಎಂದರು ಹಲವರು. ಎಲ್‌ಇಡಿಗೆ ಈ ಕಾರಣ ಹೊಂದುವುದಿಲ್ಲ. ಸರ್ಕ್ಯೂಟ್ ಪೂರ್ಣಗೊಳಿಸುವುದು 'ಕಟ್ಟುವ' ಕೆಲಸ ಎಂದ, ಖಜೋನ್ ಈಶ್ ಎಂದೇ ಹೆಸರಾದ ರಬ್ಬಿ. ರಬ್ಬಿ ಶ್ಲೋಮೋ ಜಲ್ಮಾನ್ ಔಯರ್‌ಬಾಖ್ ಅದನ್ನು ಒಪ್ಪದೆ, ಬಿಸಿಯೂ ಬೆಳಕೂ ಇಲ್ಲದ ಕಡೆ ಕಟ್ಟುನಿಟ್ಟಾದ ನಿಷೇಧ ಸಿಗದು, ಆದರೂ ನೆಲೆನಿಂತ ರೂಢಿ ಮೀರಬಾರದು ಎಂದ. ಶುಕ್ರವಾರವೇ ಟೈಮರ್ ಇಟ್ಟರೆ ದೀಪ ತಾನಾಗಿ ಹತ್ತಬಹುದು. ಪ್ರಾಣಾಪಾಯವಿದ್ದರೆ ಈ ಚರ್ಚೆಯೇ ಇಲ್ಲ; ಸ್ವಿಚ್ ಒತ್ತಿ, ಆಂಬುಲೆನ್ಸ್ ಕರೆಯಬೇಕು. ಅದೂ ವಿಧಿಯೇ.

ರಬ್ಬಿ ಜೋಸೆಫ್ ಸೊಲೊವೈಚಿಕ್ 1944ರಲ್ಲಿ ಬರೆದ 'ಹಲಾಖಾದ ಮನುಷ್ಯ' (ಹಲಾಖಾ ಎಂದರೆ ಯಹೂದಿ ವಿಧಿಶಾಸ್ತ್ರ) ಈ ಮನೋಧರ್ಮದ ತತ್ತ್ವಶಾಸ್ತ್ರ. ಗಣಿತಜ್ಞ ಮೊದಲು ಮನಸ್ಸಿನಲ್ಲಿ ಆಕೃತಿ ರಚಿಸಿಕೊಂಡು ಆಮೇಲೆ ಜಗತ್ತನ್ನು ಅಳೆಯುವಂತೆ, ವಿಧಿಬಲ್ಲವನು ನೀರಿನ ಚಿಲುಮೆ ಕಂಡರೆ ಮೊದಲು ಕೇಳುವುದು ಅದರಲ್ಲಿ ಮುಳುಗಿದರೆ ಯಾವ ಶುದ್ಧಿಗೆ ಸಲ್ಲುತ್ತದೆ ಎಂದು. ಚಿಲುಮೆ ಹರಿಯುತ್ತಿದ್ದರೂ ಶುದ್ಧಿಗೆ ಸಲ್ಲುತ್ತದೆ. ಮಳೆನೀರಾದರೆ ನಿಂತಿರಬೇಕು, 40 ಸೆಯಾ (ಒಂದು ಪ್ರಾಚೀನ ಅಳತೆ) ಇರಬೇಕು. ಆ 40 ಸೆಯಾ ಎಂಬುದೇ ಒಬ್ಬರ ಲೆಕ್ಕದಲ್ಲಿ ಸುಮಾರು 332 ಲೀಟರ್, ಇನ್ನೊಬ್ಬರದರಲ್ಲಿ 573. ಕೊಡದಲ್ಲಿ ಸೇದಿ ತುಂಬಿಸಿದ ನೀರು ನಡೆಯದು.

ಪ್ರಶ್ನೆ (ಮಂಗಳೂರು): ಎಲ್ಲಿಂದ ಓದು ಶುರುಮಾಡಬೇಕು?

ಉತ್ತರ: ರೋಸೆನ್‌ಜ್ವೈಗ್‌ನ 'ವಿಮೋಚನೆಯ ನಕ್ಷತ್ರ'ದಿಂದ (1921) ಮಾತ್ರ ಬೇಡ. ಅದರ ಮೊದಲ ಭಾಗ ಹೆಗೆಲ್‌ನ ಪರಂಪರೆಯೊಂದಿಗಿನ ಜಗಳ. ಹೆಚ್ಚಿನವರು ಅಲ್ಲೇ ಕೈಚೆಲ್ಲುತ್ತಾರೆ. ಮೊದಲು ಮಿಷ್ನಾದ ಆ 39ರ ಪಟ್ಟಿ ಓದಿ. ಸೆಫಾರಿಯಾ ಜಾಲತಾಣದಲ್ಲಿ ಇಂಗ್ಲಿಷ್ ಅನುವಾದ ಉಚಿತ. ಆಮೇಲೆ 'ಜೆರುಸಲೇಮ್'ನ ಎರಡನೇ ಭಾಗ, ನಂತರ 'ಕಟ್ಟುವವರು' ಮತ್ತು ಬೂಬರ್‌ನ ಉತ್ತರಗಳು ಒಟ್ಟಿಗೆ. ಲೀಬೊವಿಟ್ಸ್ ಕೊನೆಗೆ ಇರಲಿ. ಮೊದಲೇ ಓದಿದರೆ ಉಳಿದವರೆಲ್ಲ ರಾಜಿ ಮಾಡಿಕೊಂಡವರಂತೆ ಕಾಣುತ್ತಾರೆ.