ಹನ್ನೊಂದು ರೇಟಿಂಗ್, ಮೂರು ವಾರದ ನಿದ್ದೆ: ಒಂದು ಆಪ್ತಸಲಹೆ ಪ್ರಕರಣ

(ಹೆಸರು, ಕೆಲಸ, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರೂ ಒಪ್ಪಿದ ಮೇಲೆ, ಅವರಿಗೆ ಓದಲು ಕೊಟ್ಟ ನಂತರವೇ ಇದನ್ನು ಹಾಕುತ್ತಿದ್ದೇನೆ.)

ಮೊದಲು ಬಂದವರು ಹೆಂಡತಿ. ಸುಮಾ ಅಂತ ಇಟ್ಟುಕೊಳ್ಳೋಣ.

"ಮೇಡಂ, ನಮ್ಮನೆಯವರು ರಾತ್ರಿ ಎರಡು ಗಂಟೆಗೆ ಎದ್ದು ಮೊಬೈಲ್ ನೋಡ್ತಾರೆ. ಯಾರ ಜೊತೆಗೂ ಚಾಟ್ ಮಾಡ್ತಿಲ್ಲ, ಅದು ನಂಗೆ ಗೊತ್ತು. ಒಂದೇ ಪೇಜ್ ತೆಗೀತಾರೆ, ರಿಫ್ರೆಶ್ ಮಾಡ್ತಾರೆ, ಇಟ್ಟುಬಿಡ್ತಾರೆ. ಹತ್ತು ನಿಮಿಷಕ್ಕೆ ಮತ್ತೆ ಅದೇ."

ಶೇರು ಮಾರುಕಟ್ಟೆ ಇರಬಹುದು, ಇಲ್ಲಾ ಆನ್‌ಲೈನ್ ರಮ್ಮಿ ಅಂದುಕೊಂಡೆ. ಈಚೆಗೆ ನನ್ನ ಹತ್ತಿರ ಅಂಥವರೇ ಜಾಸ್ತಿ ಬರುತ್ತಾರೆ. ಗೇಮ್ ಆಡ್ತಾರಾ ಅಂತ ಕೇಳಿದೆ. "ಇಲ್ಲ ಮೇಡಂ, ಅವರು ಆಡಲ್ಲ. ಮಾಡ್ತಾರೆ" ಅಂದರು.

ಮುಂದಿನ ವಾರ ಪ್ರಸನ್ನ ಬಂದರು. ವಯಸ್ಸು 32, ಮೈಸೂರಿನಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಕೆಲಸ, ನಾಲ್ಕು ವರ್ಷದ ಮಗಳು. ಬಿಡುವಿನಲ್ಲಿ ಸಣ್ಣ ಸಣ್ಣ ಗೇಮ್ ಮಾಡುವ ಹವ್ಯಾಸ. ಕೊಟ್ಟ ಗಡುವಿನೊಳಗೆ ಒಂದು ಆಟ ಮಾಡಿ ಮುಗಿಸುವ, ಗೇಮ್ ಜ್ಯಾಮ್ ಅನ್ನುವ ಸ್ಪರ್ಧೆಗಳಿಗೆ ಸೇರುತ್ತಾರೆ. ನನಗೆ ಅದೇನು ಅಂತ ಗೊತ್ತಿರಲಿಲ್ಲ. ಒಂದು ಗಂಟೆಯಲ್ಲಿ ಅರ್ಧ ಹೊತ್ತು ಅವರೇ ನನಗೆ ಪಾಠ ಮಾಡಿದರು, ಅಷ್ಟು ಹೊತ್ತು ಅವರ ಮುಖವೇ ಬೇರೆ ಇತ್ತು. ಅದನ್ನು ನಾನು ಬರೆದಿಟ್ಟುಕೊಂಡೆ.

ಉದಾಹರಣೆಗೆ ಲುಡುಮ್ ಡೇರ್ ಅಂತ ಒಂದಿದೆ, 2002ರಿಂದ ನಡೆಯುತ್ತಿದೆ. ಸ್ಪರ್ಧೆ ಶುರುವಾಗುವ ಹೊತ್ತಿಗೆ ಒಂದು ವಿಷಯ ಕೊಡುತ್ತಾರೆ. ಅದರಲ್ಲಿ ಒಂದು ವಿಭಾಗಕ್ಕೆ 48 ಗಂಟೆ, ಒಬ್ಬರೇ ಮಾಡಬೇಕು. ಕೋಡ್, ಚಿತ್ರ, ಸದ್ದು ಎಲ್ಲವನ್ನೂ ಆ ಹೊತ್ತಿನಲ್ಲೇ ನಾವೇ ಮಾಡಿಕೊಳ್ಳಬೇಕು. ಇನ್ನೊಂದು ವಿಭಾಗಕ್ಕೆ 72 ಗಂಟೆ, ಅಲ್ಲಿ ಗುಂಪು ಕಟ್ಟಬಹುದು. ದುಡ್ಡಿನ ಬಹುಮಾನ ಇಲ್ಲ. ಅಮೆರಿಕದ ಶುಕ್ರವಾರ ಸಂಜೆ ಶುರುವಾದರೆ ನಮಗೆ ಶನಿವಾರ ಬೆಳಗಿನ ಜಾವ. ಅಂದರೆ 48 ಗಂಟೆ ಮುಗಿಯುವುದು ಸೋಮವಾರ ಬೆಳಗ್ಗೆ, ನಮ್ಮ ಜನ ಆಫೀಸಿಗೆ ಹೊರಡುವ ಹೊತ್ತಿಗೆ. ಆಮೇಲೆ ಸುಮಾರು ಮೂರು ವಾರ ಸ್ಪರ್ಧಿಗಳೇ ಒಬ್ಬರ ಆಟ ಒಬ್ಬರು ಆಡಿ ಸ್ಟಾರ್ ಕೊಡುತ್ತಾರೆ. ಕನಿಷ್ಠ 20 ಜನ ರೇಟಿಂಗ್ ಕೊಡದಿದ್ದರೆ ಅಂತಿಮ ಅಂಕವೇ ಬರುವುದಿಲ್ಲ.

ಪ್ರಸನ್ನ ಸೇರಿದ್ದ ಸ್ಪರ್ಧೆಯ ಹೆಸರು ಬೇಡ. ನಿಯಮ ಹೆಚ್ಚುಕಡಿಮೆ ಹೀಗೇ ಇತ್ತು. ಅವರು ಚೌಕಾಬಾರ ಇಟ್ಟುಕೊಂಡು ಒಂದು ಆಟ ಮಾಡಿದ್ದರು. ಎರಡು ರಾತ್ರಿ ಸೇರಿ ಐದು ಗಂಟೆ ಮಲಗಿ, ಸೋಮವಾರ ಬೆಳಗ್ಗೆ ಅಪ್‌ಲೋಡ್ ಮಾಡಿ, ಸ್ನಾನ ಮಾಡಿ ಆಫೀಸಿಗೆ ಹೋದರು. ಮೂರು ವಾರ ಕಾದರು. ಬಂದದ್ದು 11 ರೇಟಿಂಗ್. ಅಂಕ ಇಲ್ಲ, ರ‍್ಯಾಂಕ್ ಇಲ್ಲ. ಒಂದು ಕಾಮೆಂಟ್ ಇತ್ತು: ಏನು ಮಾಡಬೇಕೆಂದು ತಿಳಿಯಲಿಲ್ಲ, ಎರಡು ನಿಮಿಷಕ್ಕೆ ಬಿಟ್ಟೆ. ಅದನ್ನು ಅವರು ನನಗೆ ಬಾಯಿಪಾಠ ಒಪ್ಪಿಸಿದರು. ಒಂದೇ ವರ್ಷದಲ್ಲಿ ಇದು ಮೂರನೇ ಸ್ಪರ್ಧೆ.

ಇಂಥ ಪ್ರಕರಣದಲ್ಲಿ ನಾನು ಮೊದಲು ಕೇಳುವುದು ನಿದ್ದೆ, ಊಟ, ಕುಡಿತ, ಕೆಲಸ. ಸಾಯಬೇಕು ಅನ್ನಿಸಿದೆಯಾ ಅಂತಲೂ ನೇರವಾಗಿ ಕೇಳುತ್ತೇನೆ. ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಅಂತ ಎಷ್ಟೋ ಜನ ಹೆದರುತ್ತಾರೆ, ಹಾಗಿಲ್ಲ. ಪ್ರಸನ್ನ ಇಲ್ಲ ಅಂದರು. ಹೌದು ಅಂದಿದ್ದರೆ ದಾರಿಯೇ ಬೇರೆ, ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಇದನ್ನು ಓದುವವರಲ್ಲಿ ಯಾರಿಗಾದರೂ ಹಾಗೆ ಅನ್ನಿಸುತ್ತಿದ್ದರೆ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇಲ್ಲಿ ನಾನೊಂದು ತಪ್ಪು ಮಾಡಿದೆ, ಹೇಳಲೇಬೇಕು. ಮೊದಲ ಭೇಟಿಯ ಕೊನೆಗೆ "ಆರು ತಿಂಗಳು ಸ್ಪರ್ಧೆ ಬಿಟ್ಟುಬಿಡಿ" ಅಂದೆ. ಅವರು ತಲೆ ಆಡಿಸಿ ಹೋದರು, ಮುಂದಿನ ವಾರ ಬರಲಿಲ್ಲ. ರಮ್ಮಿ ಬಿಡಿಸುವ ಹಾಗೆ ಇದನ್ನೂ ಬಿಡಿಸಲು ಹೋಗಿದ್ದೆ. ಇದು ಚಟ ಅಲ್ಲ. ಇಡೀ ವಾರ ಇನ್ನೊಬ್ಬರ ಬಿಲ್ಲು, ಜಿಎಸ್‌ಟಿ ಅಂತ ಮಾಡುವ ಮನುಷ್ಯನಿಗೆ ಪೂರ್ತಿ ತನ್ನದು ಅಂತ ಇದ್ದದ್ದು ಅದೊಂದೇ, ಅದನ್ನೇ ನಾನು ಕಿತ್ತುಕೊಳ್ಳಲು ಹೊರಟಿದ್ದೆ. ಫೋನ್ ಮಾಡಿ ಕ್ಷಮೆ ಕೇಳಿದೆ. ಮತ್ತೆ ಬಂದರು.

ಎರಡನೇ ಭೇಟಿಯಲ್ಲಿ ಒಂದೇ ಪ್ರಶ್ನೆ ಕೇಳಿದೆ. "ಆ ಮೂರು ವಾರದಲ್ಲಿ ನೀವು ಬೇರೆಯವರ ಆಟ ಎಷ್ಟು ಆಡಿದಿರಿ?"

"ಎರಡು."

ಯಾಕೆ ಅಂದೆ. ತುಂಬ ಹೊತ್ತು ಸುಮ್ಮನಿದ್ದರು. "ಆಡಿದ್ರೆ ರೇಟಿಂಗ್ ಕೊಡಬೇಕಲ್ಲ ಮೇಡಂ. ಚೆನ್ನಾಗಿದ್ರೆ ಐದು ಸ್ಟಾರ್ ಕೊಡಬೇಕು. ಕೊಟ್ರೆ ಅವರು ನನಗಿಂತ ಮೇಲೆ ಹೋಗ್ತಾರೆ." ಹೇಳಿದ ಮೇಲೆ ಅವರಿಗೇ ಗಾಬರಿಯಾಯಿತು. ಆ ಮಾತು ತಮ್ಮೊಳಗೆ ಇತ್ತು ಅಂತ ಅವರಿಗೂ ಗೊತ್ತಿರಲಿಲ್ಲ.

ನನಗೆ ಏನೋ ಹೊಳೆಯಿತು. "ನಿಮ್ಮ ಸಿಇಟಿ ರ‍್ಯಾಂಕ್ ಎಷ್ಟು ಪ್ರಸನ್ನ?" ಅಂದೆ.

ರೆಪ್ಪೆ ಬಡಿಯದೆ ಹೇಳಿದರು. ಹದಿನಾಲ್ಕು ವರ್ಷ ಆಗಿದೆ. ತಮ್ಮದು ಮಾತ್ರ ಅಲ್ಲ, ಪಕ್ಕದ ರಸ್ತೆಯ ಹುಡುಗನದೂ ಹೇಳಿದರು, ಚಿಕ್ಕಪ್ಪನ ಮಗಳದೂ ಹೇಳಿದರು. ಪಿಯುಸಿಯಲ್ಲಿ ಒಂದೇ ಹಾಸ್ಟೆಲ್ ರೂಮಿನ ನಾಲ್ವರು ಒಬ್ಬರಿಗೊಬ್ಬರು ನೋಟ್ಸ್ ತೋರಿಸದೆ, ಹಾಸಿಗೆಯ ಕೆಳಗೆ ಇಟ್ಟು ಮಲಗುತ್ತಿದ್ದದ್ದನ್ನು ಹೇಳುವಾಗ ಅವರ ದನಿ ಸಣ್ಣದಾಯಿತು. ಕರ್ನಾಟಕದಲ್ಲಿ ಸಿಇಟಿ ಬರೆದು ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ ಅಲ್ವಾ? ಅಲ್ಲಿ ಸೀಟು ಇಷ್ಟೇ ಅಂತ ಇರುತ್ತದೆ. ನಮಗಿಂತ ಮುಂದೆ ಇರುವವರು ಒಂದು ಸೀಟು ತೆಗೆದುಕೊಂಡರೆ ನಮಗೆ ನಿಜವಾಗಿಯೂ ಒಂದು ಕಡಿಮೆ. ಆ ಲೆಕ್ಕ ಅಲ್ಲಿಗೆ ಸರಿಯೇ. ಆದರೆ ಹದಿನೆಂಟನೇ ವಯಸ್ಸಿನಲ್ಲಿ ಮೈಗೆ ಹತ್ತಿದ ಆ ಲೆಕ್ಕವನ್ನು ಪ್ರಸನ್ನ ಸೀಟೇ ಇಲ್ಲದ ಜಾಗಕ್ಕೆ ಹೊತ್ತುಕೊಂಡು ಹೋಗಿದ್ದರು. ಬೇರೆಯವರ ಆಟಗಳು ಅವರ ಕಣ್ಣಿಗೆ ಎದುರಾಳಿಗಳ ಉತ್ತರ ಪತ್ರಿಕೆಯ ಹಾಗೆ ಕಾಣುತ್ತಿದ್ದವು.

ಗೇಮ್ ಜ್ಯಾಮ್ ನಡೆಯುವುದು ಮುಯ್ಯಿಯ ಹಾಗೆ. ನೀವು ಒಬ್ಬರ ಆಟ ಆಡಿ ನಾಲ್ಕು ಮಾತು ಬರೆದರೆ ಅವರು ನಿಮ್ಮ ಆಟ ಹುಡುಕಿಕೊಂಡು ಬರುತ್ತಾರೆ. ಹೆಚ್ಚು ಆಟಕ್ಕೆ ರೇಟಿಂಗ್ ಕೊಟ್ಟವರ ಆಟವನ್ನು ಪಟ್ಟಿಯಲ್ಲಿ ಮುಂದೆ ತೋರಿಸುವ ವ್ಯವಸ್ಥೆಯೂ ಇಂಥ ಕಡೆ ಇರುತ್ತದೆ. ಯಾರ ಮನೆಯ ಮದುವೆಗೂ ಹೋಗದೆ ನಮ್ಮನೆ ಚಪ್ಪರದಲ್ಲಿ ಕೂತು, ಜನ ಯಾಕೆ ಬರಲಿಲ್ಲ ಅಂತ ಅತ್ತ ಹಾಗೆ ಆಗಿತ್ತು. ಇದನ್ನು ಹೇಳಿದಾಗ ಅವರು ನಕ್ಕರು, ಆಮೇಲೆ ಕಣ್ಣು ಒರೆಸಿಕೊಂಡರು.

ಮೂರನೇ ಭೇಟಿಗೆ ಲ್ಯಾಪ್‌ಟಾಪ್ ತರಲು ಹೇಳಿದೆ. ನಾನು ಆಡುತ್ತೇನೆ, ನೀವು ಬಾಯಿ ಬಿಡಬಾರದು, ಕೈಯನ್ನೂ ತೋರಿಸಬಾರದು. ಅದೊಂದೇ ಷರತ್ತು.

ಪರದೆಯ ಮೇಲೆ ಐದು ಸಾಲು, ಸಾಲಿಗೆ ಐದು ಮನೆ. ನಡುವೆ ನಾಲ್ಕು ಕವಡೆ. ನಾನು ಮೌಸ್ ಒತ್ತಿದೆ. ಏನೂ ಆಗಲಿಲ್ಲ. ಕವಡೆಯ ಮೇಲೆ ಒತ್ತಿದೆ, ಎಳೆದೆ, ಎರಡು ಸಲ ಒತ್ತಿದೆ. ಕವಡೆ ಹಾಗೇ ಬಿದ್ದುಕೊಂಡಿದ್ದವು. ಪ್ರಸನ್ನರ ಬಲಗೈ ಎರಡು ಸಲ ಮೇಜಿನ ಮೇಲೆ ಬಂತು, ಎರಡು ಸಲವೂ ಹಿಂದಕ್ಕೆ ಹೋಯಿತು. ಗೋಡೆ ಗಡಿಯಾರದಲ್ಲಿ ನಾಲ್ಕು ನಿಮಿಷ ಆದ ಮೇಲೆ, ಏನೋ ಮಾಡಲು ಹೋಗಿ ಸ್ಪೇಸ್ ಬಾರ್ ಒತ್ತಿ ಹಿಡಿದೆ. ಕವಡೆ ಮುಷ್ಟಿಯಲ್ಲಿ ಅಲುಗಾಡಿದ ಸದ್ದು ಬಂತು. ಬಿಟ್ಟೆ. ಕಲಕಲ ಅಂತ ಚೆಲ್ಲಿಕೊಂಡವು. ಎಷ್ಟು ಚೆನ್ನಾಗಿತ್ತು ಆ ಸದ್ದು! ಅಜ್ಜಿಯ ಕವಡೆಗಳನ್ನೇ ಹಿತ್ತಾಳೆ ತಟ್ಟೆಯ ಮೇಲೆ ಹಾಕಿ, ಫ್ಯಾನ್ ಆರಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿದ್ದಂತೆ. ನಾಲ್ಕೂ ಮಗುಚಿ ಬಿದ್ದು ನನಗೆ ಎಂಟು ಬಂತು. ಚಿಕ್ಕಂದಿನಲ್ಲಿ ಚೌಕಾಬಾರ ಆಡಿದ ನನಗೆ ಅದು ಎಂಟು ಅಂತ ಗೊತ್ತು. ಕವಡೆಯನ್ನೇ ನೋಡದ ಯಾವುದೋ ದೇಶದ ಹುಡುಗನಿಗೆ ಹೇಗೆ ಗೊತ್ತಾಗಬೇಕು? ಸ್ಪೇಸ್ ಬಾರ್ ವಿಷಯವನ್ನು ಎಲ್ಲೂ ಬರೆದಿರಲಿಲ್ಲ. ಮಾಡುವವರು ಆ ಎರಡು ದಿನದಲ್ಲಿ ನೂರಾರು ಸಲ ಆಡಿ ಆಡಿ, ಅದು ಯಾರಿಗಾದರೂ ಗೊತ್ತಾಗದೆ ಇರಬಹುದು ಅನ್ನುವುದೇ ಮರೆತುಹೋಗಿರುತ್ತದೆ.

ಪ್ರಸನ್ನ ಕಾಗದದ ಮೇಲೆ ಏನೋ ಗೀಚುತ್ತಿದ್ದರು. ತಲೆ ಎತ್ತದೆ ಅಂದರು, "ಆ ಕಾಮೆಂಟ್ ಹಾಕಿದವನು ಸ್ಪೇಸ್ ಬಾರ್ ಬಗ್ಗೆ ಹೇಳಿದ್ದ ಮೇಡಂ. ನಾನು ನನ್ನ ಬಗ್ಗೆ ಅಂದ್ಕೊಂಡೆ."

ಸಲಹೆ ಅಂತ ನಾನು ಕೊಟ್ಟದ್ದರಲ್ಲಿ ಮೊದಲನೆಯದು ಫೋನಿನದು. ರಾತ್ರಿ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಮಲಗುವುದು, ರೇಟಿಂಗ್ ಪೇಜನ್ನು ದಿನಕ್ಕೆ ಒಂದೇ ಸಲ, ಸಂಜೆ ಏಳಕ್ಕೆ ನೋಡುವುದು. ಉಳಿದ ಹೊತ್ತಿನಲ್ಲಿ ನೋಡಬೇಕು ಅನ್ನಿಸಿದರೆ ಟೈಮ್ ಎಷ್ಟು, ಆಗ ಏನು ಯೋಚನೆ ಬಂತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಮೊದಲ ವಾರ ಮೂರು ಪುಟ ತುಂಬಿತು, ಎರಡನೇ ವಾರ ಒಂದು ಪುಟವೂ ತುಂಬಲಿಲ್ಲ.

ಎರಡನೆಯದು, ಸ್ಪರ್ಧೆಯನ್ನು ಮನೆ ನೋಡಿಕೊಂಡು ಆರಿಸುವುದು. ಎಲ್ಲ ಜ್ಯಾಮ್‌ಗಳೂ 48 ಗಂಟೆಯವಲ್ಲ. ಜೆಎಸ್13ಕೆ ಅಂತ ಒಂದಿದೆ, 2012ರಿಂದ ಇದೆ, ಪ್ರತಿ ವರ್ಷ ಆಗಸ್ಟ್ 13ರಿಂದ ಸೆಪ್ಟೆಂಬರ್ 13ರವರೆಗೆ. ಬ್ರೌಸರಿನಲ್ಲಿ ಓಡುವ ಆಟ, ಜಿಪ್ ಮಾಡಿದರೆ 13 ಕಿಲೋಬೈಟ್ ಮೀರಬಾರದು. ಮಗಳು ಮಲಗಿದ ಮೇಲೆ ದಿನಕ್ಕೆ ಒಂದು ಗಂಟೆ ಸಾಕು. ಗ್ಲೋಬಲ್ ಗೇಮ್ ಜ್ಯಾಮ್ 2009ರಲ್ಲಿ ಶುರುವಾದದ್ದು, ಜನವರಿ ಕೊನೆಗೆ ನಡೆಯುತ್ತದೆ, ಅಲ್ಲಿ ರ‍್ಯಾಂಕೇ ಇಲ್ಲ. ವರ್ಷಕ್ಕೆ ಒಮ್ಮೆಯಾದರೂ ರ‍್ಯಾಂಕ್ ಇಲ್ಲದ ಕಡೆ ಹೋಗಿ ಅಂದೆ. 48 ಗಂಟೆಯದು ವರ್ಷಕ್ಕೆ ಎರಡಕ್ಕಿಂತ ಜಾಸ್ತಿ ಬೇಡ, ಸುಮಾಗೆ ಒಂದು ತಿಂಗಳು ಮೊದಲೇ ಹೇಳಿರಬೇಕು, ಸೋಮವಾರಕ್ಕೆ ರಜೆ ಹಾಕಿರಬೇಕು, ಎರಡು ರಾತ್ರಿಯೂ ಆರು ಗಂಟೆ ಮಲಗಬೇಕು. ರಾತ್ರಿ ಮೂರಕ್ಕೆ ಬರೆದ ಕೋಡ್ ಬೆಳಗ್ಗೆ ಕೈ ಕೊಡುತ್ತದೆ ಅಂತ ಅವರೇ ಒಪ್ಪಿಕೊಂಡರು. ಶನಿವಾರ ರಾತ್ರಿಯೊಳಗೆ ಆಟ ಹೇಗೋ ಆಡುವ ಸ್ಥಿತಿಗೆ ಬರಬೇಕು, ಭಾನುವಾರ ಮಧ್ಯಾಹ್ನ ಯಾರಾದರೂ ಒಬ್ಬರು ಪಕ್ಕದಲ್ಲಿ ಕೂತು ಆಡಬೇಕು, ಆಗ ಬಾಯಿ ಮುಚ್ಚಿಕೊಂಡಿರಬೇಕು.

ಮೂರನೆಯದು, ಅಪ್‌ಲೋಡ್ ಆದ ಮೇಲೆ ದಿನಕ್ಕೆ ಎರಡು ಆಟ ಆಡಿ, ಪ್ರತಿಯೊಂದಕ್ಕೂ ಏನು ಹಿಡಿಸಿತು, ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಬರೆಯುವುದು. ಸ್ಟಾರ್ ಕೊಡುವುದು ಬರೆದ ಮೇಲೆಯೇ.

ಇನ್ನೊಂದು ವಿಷಯ ಅವರ ಬಾಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಫಿನ್ಲೆಂಡಿನ ಒಬ್ಬರು ಮಾಡಿದ ಬಾಬಾ ಈಸ್ ಯು ಅನ್ನುವ ಪ್ರಸಿದ್ಧ ಆಟ 2017ರ ನಾರ್ಡಿಕ್ ಗೇಮ್ ಜ್ಯಾಮ್‌ನಲ್ಲಿ ಹುಟ್ಟಿ ಅಲ್ಲಿ ಗೆದ್ದಿತಂತೆ. "ಅವರು ಒಂದು ವಾರಾಂತ್ಯದಲ್ಲಿ ಮಾಡಿದ್ದು, ನನ್ನ ಕೈಲಿ ಆಗಲಿಲ್ಲ." ಹಾಗಾದರೆ ಅದು ಮಾರಾಟಕ್ಕೆ ಬಂದದ್ದು ಯಾವಾಗ ಅಂತ ಕೇಳಿದೆ. 2019 ಅಂದರು. ನಡುವೆ ಎರಡು ವರ್ಷ ಇದೆಯಲ್ಲ, ಅದಕ್ಕೂ ಮೊದಲು ಆ ಫಿನ್ಲೆಂಡಿನವರು ಎಷ್ಟು ವರ್ಷದಿಂದ ಸಣ್ಣ ಆಟ ಮಾಡುತ್ತಿದ್ದರು ಅಂತ ಮತ್ತೆ ಕೇಳಿದೆ. ಉತ್ತರ ಅವರಿಗೆ ಗೊತ್ತಿತ್ತು, ಹೇಳಲಿಲ್ಲ.

ಸುಮಾ ಜೊತೆ ಒಂದು ಸಲ ಒಟ್ಟಿಗೆ ಕೂತೆವು. ಅವರ ಸಿಟ್ಟು ನ್ಯಾಯವಾದದ್ದು. ಮಗಳ ಹುಟ್ಟುಹಬ್ಬದ ದಿನ ಕೇಕ್ ಕತ್ತರಿಸುವಾಗ ಪ್ರಸನ್ನ ರೂಮಿನಲ್ಲಿ ಬಗ್, ಅಂದರೆ ಕೋಡಿನಲ್ಲಿರುವ ತಪ್ಪು, ಹುಡುಕುತ್ತಿದ್ದರು. ಅದಕ್ಕೆ ಅವರು ನನ್ನ ಮುಂದೆ ಕ್ಷಮೆ ಕೇಳಿದರು. ಆದರೆ "ಹೋಗ್ಲಿ ಬಿಡ್ರೀ, ಗೇಮ್ ತಾನೇ" ಅನ್ನುವ ಮಾತನ್ನು ಬಿಡಿ ಅಂತ ಸುಮಾಗೂ ಹೇಳಿದೆ. ಸಮಾಧಾನಕ್ಕೆ ಅಂದದ್ದೇ, ಆದರೆ ಕೇಳುವವರಿಗೆ ಅದು ಹನ್ನೆರಡನೇ ರೇಟಿಂಗ್, ಒಂದು ಸ್ಟಾರಿನದು.

ಆಗ ಸುಮಾ ಅಂದರು, "ನಂಗೆ ಒಂದು ಸಲಾನೂ ಆಡೋಕೆ ಕೊಟ್ಟಿಲ್ಲ ಮೇಡಂ."

"ನಿಂಗೆ ಇಷ್ಟ ಆಗಲ್ಲ ಅಂದ್ಕೊಂಡೆ."

"ಕೇಳಿದ್ರಾ?"

ನಾನು ಮಧ್ಯೆ ಬಾಯಿ ಹಾಕಲಿಲ್ಲ.

ಮುಂದಿನ ಸ್ಪರ್ಧೆ ಮುಗಿದು ಒಂದು ತಿಂಗಳ ಮೇಲೆ ಪ್ರಸನ್ನ ಬಂದರು. ಕೂತವರೇ ಯಾರೋ ಅರ್ಜೆಂಟೀನಾದವರು ಮಾಡಿದ, ಆರಿಹೋಗುತ್ತಿರುವ ದೀಪವನ್ನು ಹೊತ್ತು ಮನೆ ಸೇರುವ ಆಟದ ಬಗ್ಗೆ ಹತ್ತು ನಿಮಿಷ ಹೇಳಿದರು. ಈ ಸಲ 34 ಆಟ ಆಡಿದ್ದರು, ಅವರ ಆಟಕ್ಕೆ 27 ರೇಟಿಂಗ್ ಬಂದಿತ್ತು. ರ‍್ಯಾಂಕ್ ಎಷ್ಟು ಅಂತ ನಾನೇ ಕೇಳಿದೆ. ನೆನಪಿರಲಿಲ್ಲ, ಫೋನ್ ತೆಗೆದು ನೋಡಿ ಹೇಳಿದರು. ಮಧ್ಯದಲ್ಲೆಲ್ಲೋ ಇತ್ತು. ಫಲಿತಾಂಶದ ಹಿಂದಿನ ರಾತ್ರಿ ಮಾತ್ರ ನಿದ್ದೆ ಬರಲಿಲ್ಲ, ಮೂರಕ್ಕೆ ಎದ್ದು ಅಡುಗೆಮನೆಗೆ ಹೋಗಿ ನೋಡಿದೆ ಅಂತ ಅವರಾಗೇ ಒಪ್ಪಿಕೊಂಡರು. ಪರವಾಗಿಲ್ಲ, ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದರು.

ಚೌಕಾಬಾರದ ಆಟವನ್ನು ಅವರು ಬಿಟ್ಟಿಲ್ಲ. ಈಗ ಅದನ್ನು ತೆರೆದರೆ ಮೊದಲಿಗೇ ಸ್ಪೇಸ್ ಬಾರ್ ಒತ್ತಿ ಹಿಡಿದ ಒಂದು ಕೈಯ ಚಿತ್ರ ಬರುತ್ತದೆ, ಬಳೆ ಹಾಕಿದ ಕೈ. ಬಿಡಿಸಿದ್ದು ಸುಮಾ. ಆ ಆಟವನ್ನೇ ಚಿಕ್ಕದು ಮಾಡಿ 13 ಕಿಲೋಬೈಟಿಗೆ ಇಳಿಸಲು ನೋಡುತ್ತಿದ್ದಾರೆ. ಮುಂದಿನ ಭೇಟಿಯನ್ನು ಸೆಪ್ಟೆಂಬರ್ 13 ಕಳೆದ ಮೇಲೆ ಇಟ್ಟುಕೊಂಡಿದ್ದೇವೆ.