ಮಿಷನ್, ಮೌಲ್ಯ ಬರೆಯುವ ಮೊದಲು ಠರಾವು ಪುಸ್ತಕ ತೆಗೆಯಿರಿ

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಶಿರಸಿ, ಸಿದ್ದಾಪುರ, ಕುಮಟಾ ಕಡೆ ಕೆಲಸ ಮಾಡುವ ನಿಮ್ಮ ರೈತ ಉತ್ಪಾದಕ ಕಂಪನಿ (ರೈತರೇ ಸದಸ್ಯರಾಗಿರುವ ಕಂಪನಿ) 4 ವರ್ಷದಲ್ಲಿ 6 ಸಿಬ್ಬಂದಿಯಿಂದ 40ಕ್ಕೆ ಬೆಳೆದಿದೆ. ಕಾಳುಮೆಣಸು, ಜೇನು, ಮುರುಗಲು (ಕೋಕಂ), ಅಪ್ಪೆಮಿಡಿ ಎಂಬ ಮಾವಿನ ಮಿಡಿಯ ಉಪ್ಪಿನಕಾಯಿಯ ವ್ಯವಹಾರ. 9 ನಿರ್ದೇಶಕರು, ಒಬ್ಬ ಸಿಇಒ, 4 ವಿಭಾಗ ಮುಖ್ಯಸ್ಥರು ಸೇರಿ ಮಿಷನ್ (ಕಂಪನಿ ಏಕೆ ಇದೆ ಎಂದು ಹೇಳುವ ವಾಕ್ಯ) ಮತ್ತು ಮೌಲ್ಯ ಬರೆದುಕೊಳ್ಳಬೇಕು. ನಡೆಸಿಕೊಡುವ ಜವಾಬ್ದಾರಿ ನಿಮ್ಮದು. ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ಸಭೆ ಕರೆಯುವುದರಿಂದಂತೂ ಬೇಡ. 14 ಜನರನ್ನು ಕೂರಿಸಿ 'ನಮ್ಮ ಮೌಲ್ಯ ಯಾವುವು?' ಎಂದು ಕೇಳಿದರೆ ಅರ್ಧ ಗಂಟೆಯಲ್ಲಿ ಬೋರ್ಡಿನ ಮೇಲೆ ಪ್ರಾಮಾಣಿಕತೆ, ಪಾರದರ್ಶಕತೆ, ಗುಣಮಟ್ಟ, ರೈತಸ್ನೇಹಿ ಎಂಬ ಪಟ್ಟಿ ಬಂದಿರುತ್ತದೆ. ಯಾರದ್ದೂ ತಕರಾರಿಲ್ಲ, ಎಲ್ಲರೂ ಊಟಕ್ಕೆ ಏಳುತ್ತಾರೆ. ಅಮೆರಿಕದ ಎನ್ರಾನ್ ಕಂಪನಿಯ ವಾರ್ಷಿಕ ವರದಿಯಲ್ಲೂ ಗೌರವ, ಪ್ರಾಮಾಣಿಕತೆ, ಸಂವಹನ, ಶ್ರೇಷ್ಠತೆ ಎಂಬ ನಾಲ್ಕು ಮೌಲ್ಯ ಅಚ್ಚಾಗಿದ್ದವು. ಲೆಕ್ಕದ ಮೋಸ ಬಯಲಾಗಿ 2001ರ ಡಿಸೆಂಬರಿನಲ್ಲಿ ಅದು ದಿವಾಳಿ ಎದ್ದಿತು. ತಕರಾರೇ ಹುಟ್ಟಿಸದ ಪದ ಯಾರ ಕೈಯನ್ನೂ ಕಟ್ಟುವುದಿಲ್ಲ.

ಆದ್ದರಿಂದ ಮೊದಲು ಕಂಪನಿಯ ಠರಾವು ಪುಸ್ತಕ, ಅಂದರೆ ಸಭೆಯ ನಿರ್ಣಯಗಳನ್ನು ಬರೆದಿಡುವ ಪುಸ್ತಕ, ತೆಗೆದುಕೊಂಡು ಒಂದು ಮಧ್ಯಾಹ್ನ ಕೂರಿ. ದುಡ್ಡು ಹೋದ, ಯಾರೋ ಮುನಿಸಿಕೊಂಡ, ಅಥವಾ ಒಂದೇ ವಿಷಯ ಮೂರು ಸಭೆಗೆ ಮುಂದೂಡಲ್ಪಟ್ಟ ನಿರ್ಣಯಗಳನ್ನು ಗುರುತು ಮಾಡಿಕೊಳ್ಳಿ. ಅದಾದ ಮೇಲೆ 14 ಜನರನ್ನೂ ಒಬ್ಬೊಬ್ಬರಾಗಿ 40 ನಿಮಿಷ ಮಾತನಾಡಿಸಿ. ನಾಲ್ಕು ಪ್ರಶ್ನೆ ಸಾಕು. ನಷ್ಟವಾದರೂ ನಾವು ಸರಿಯಾಗಿಯೇ ಮಾಡಿದೆವು ಎನಿಸಿದ್ದು ಯಾವುದು? ಲಾಭ ಬಂದರೂ ನಾಚಿಕೆ ಎನಿಸಿದ್ದು? ಯಾವ ಸಿಬ್ಬಂದಿ ಬಿಟ್ಟುಹೋದರೆ ಕಂಪನಿಯ ಸ್ವಭಾವವೇ ಬದಲಾಗುತ್ತದೆ, ಏಕೆ? ನಾಳೆ ಬಾಗಿಲು ಮುಚ್ಚಿದರೆ ಸದಸ್ಯರು ಮಾಲು ಎಲ್ಲಿಗೆ ಒಯ್ಯುತ್ತಾರೆ? ಉತ್ತರ ಬರೆದುಕೊಳ್ಳುವಾಗ ಅವರ ಮಾತನ್ನು ಅವರ ಮಾತಿನಲ್ಲೇ ಬರೆಯಿರಿ, ಗ್ರಾಂಥಿಕಕ್ಕೆ ತಿದ್ದಬೇಡಿ. ಮುಂದೆ ಕರಡು ಬರೆಯುವಾಗ ಒಳ್ಳೆಯ ವಾಕ್ಯಗಳು ಸಿಗುವುದು ಅಲ್ಲಿಂದಲೇ.

ಕೊನೆಯ ಪ್ರಶ್ನೆ ನಿಮ್ಮ ಊರಿನಲ್ಲಿ ವಿಶೇಷವಾಗಿ ಚುಚ್ಚುತ್ತದೆ. ಶಿರಸಿಯಲ್ಲಿ ತೋಟಗಾರರ ಮಾರಾಟ ಸಂಘ 1923ರಲ್ಲೇ ಹುಟ್ಟಿದೆ. ಅಡಿಕೆ ತಂದವನಿಗೆ ಟೆಂಡರ್, ತೂಕ, ಮುಂಗಡ, ಕಿರಾಣಿ ಎಲ್ಲ ಒಂದೇ ಅಂಗಳದಲ್ಲಿ ಸಿಗುವ ವ್ಯವಸ್ಥೆ ಅಲ್ಲಿದೆ. 'ಶಿರಸಿ ಸುಪಾರಿ'ಗೆ 2019ರಲ್ಲಿ ಭೌಗೋಳಿಕ ಸೂಚಕವೂ (ಊರಿನ ಹೆಸರಿನ ಸರಕಿಗೆ ಸಿಗುವ ಕಾನೂನಿನ ಮಾನ್ಯತೆ, ಜಿಐ) ಬಂತು. ಇಂಥ ಪೇಟೆಯಲ್ಲಿ ಹೊಸ ಕಂಪನಿ 'ರೈತರ ಏಳಿಗೆಗಾಗಿ' ಎಂದರೆ ಸದಸ್ಯ ಮನಸ್ಸಿನಲ್ಲೇ ಕೇಳುತ್ತಾನೆ: ಅದಕ್ಕೆ ಮೊದಲೇ ಇದ್ದಾರಲ್ಲ, ನೀವೇಕೆ? ಮಿಷನ್ ಎಂಬುದು ಈ 'ನೀವೇಕೆ'ಗೆ ಉತ್ತರ.

ಇಲ್ಲೊಂದು ಗೊಂದಲ ಬರುತ್ತದೆ. ಯಾರಾದರೊಬ್ಬ ನಿರ್ದೇಶಕರು ನೋಂದಣಿ ವೇಳೆ ಮಾಡಿಸಿದ ಮೆಮೊರಾಂಡಮ್ ತೆಗೆದು 'ಉದ್ದೇಶಗಳು ಇಲ್ಲೇ ಇವೆಯಲ್ಲ' ಎನ್ನುತ್ತಾರೆ. ಅದು ಕಾನೂನಿನ ಪಟ್ಟಿ. ಮುಂದೆ ಯಾವ ವ್ಯವಹಾರಕ್ಕೂ ಅಡ್ಡಿ ಬಾರದಿರಲಿ ಎಂದು ಕೊಯ್ಲು, ಸಂಸ್ಕರಣೆ, ರಫ್ತು, ಗೊಬ್ಬರ, ವಿಮೆ ಎಂದು ಬಲೆ ಆದಷ್ಟು ಅಗಲ ಬೀಸಿ ಬರೆದಿರುತ್ತಾರೆ. ಮಿಷನ್ ಮಾಡಬೇಕಾದದ್ದು ತದ್ವಿರುದ್ಧ ಕೆಲಸ: ಬಲೆಯನ್ನು ಕಿರಿದು ಮಾಡುವುದು. ಮೆಮೊರಾಂಡಮ್ ತಿದ್ದುಪಡಿಗೆ ವಿಶೇಷ ನಿರ್ಣಯ ಬೇಕು. ಹೊಸ ಮಿಷನ್ ಅದರೊಳಗೇ ಕೂರುತ್ತಿದ್ದರೆ ಅದನ್ನು ಮುಟ್ಟುವ ಅಗತ್ಯವೇ ಇಲ್ಲ. '2030ರೊಳಗೆ 5,000 ಸದಸ್ಯರು' ಎಂಬುದು ಗುರಿ, ಅದು ಬೇರೆ ಹಾಳೆಗೆ ಹೋಗಲಿ.

ಈಗ ಸಭೆಯ ವಿಷಯ. ನಿರ್ದೇಶಕರೆಲ್ಲ ತೋಟದವರಾದ್ದರಿಂದ ಕಾಲ ನೋಡಿ ದಿನ ಇಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಗಡಿಬಿಡಿ, ಮಳೆ ಬಿಟ್ಟು ಹೊಳವು ಸಿಕ್ಕ ದಿನ ಯಾರೂ ಸಭೆಗೆ ಬರುವುದಿಲ್ಲ. ಕುಮಟಾದವರು ದೇವಿಮನೆ ಘಟ್ಟ ಹತ್ತಿ ಬರಬೇಕು, ಮಳೆಗಾಲದಲ್ಲಿ ಗುಡ್ಡ ಕುಸಿದರೆ ಅದೂ ಇಲ್ಲ. ನವೆಂಬರ್ ಬಂತೆಂದರೆ ಅಡಿಕೆಯ ಕೊನೆಕೊಯ್ಲು. ಉಳಿದದ್ದು ಚೌತಿ ಮುಗಿದು ನವರಾತ್ರಿ ಹತ್ತುವ ನಡುವಿನ ಕಾಲ. ಮೊದಲ ಬೈಠಕ್ ಒಂದು ಪೂರ್ತಿ ದಿನ, ಎರಡನೆಯದು ಮೂರು ವಾರದ ನಂತರ ಅರ್ಧ ದಿನ. ಕಚೇರಿಯಲ್ಲಿ ಬೇಡ. ಚೆಕ್ಕಿಗೆ ಸಹಿ ಹಾಕಿಸಲು ಯಾರಾದರೂ ಬಂದೇ ಬರುತ್ತಾರೆ.

ಕುರ್ಚಿಗಳನ್ನು ದುಂಡಗೆ ಹಾಕಿ, ವೇದಿಕೆ ಬೇಡ. ಅಧ್ಯಕ್ಷರಿಗೆ ಹಿಂದಿನ ದಿನವೇ ಒಬ್ಬರೇ ಇದ್ದಾಗ ಹೇಳಿ: ಪ್ರತಿ ವಿಷಯದಲ್ಲೂ ನೀವು ಕಡೆಗೆ ಮಾತನಾಡಬೇಕು. ನಮ್ಮಲ್ಲಿ ಹಿರಿಯರು ಬಾಯಿಬಿಟ್ಟ ಮೇಲೆ ಉಳಿದವರು ಹೇಳುವುದು 'ಅವರು ಹೇಳಿದ್ದೇ' ಎಂದು. ಅದರಲ್ಲಿ ವಿನಯ ಎಷ್ಟು, ಮೈಗಳ್ಳತನ ಎಷ್ಟು ಎಂದು ಬಿಡಿಸುವುದು ಕಷ್ಟ. ಹಾಗಾಗಿ ಮಾತಿಗಿಂತ ಮೊದಲು ಬರಹ: ಪ್ರತಿಯೊಬ್ಬರೂ 5 ನಿಮಿಷ ಚೀಟಿಯಲ್ಲಿ ಬರೆಯಬೇಕು, ಹೆಸರು ಹಾಕುವುದು ಬೇಡ. ನೀವು ಅಲ್ಲಿ ಯಕ್ಷಗಾನದ ಭಾಗವತರಿದ್ದಂತೆ, ಪದ ಎತ್ತಿಕೊಡಿ, ವೇಷ ಕಟ್ಟಬೇಡಿ. ನಿಮಗೇ ಬಲವಾದ ಅಭಿಪ್ರಾಯವಿದ್ದರೆ ನಡೆಸುವ ಕೆಲಸವನ್ನು ಬೇರೆಯವರಿಗೆ ಕೊಟ್ಟು ನೀವು ಸುತ್ತಿನಲ್ಲಿ ಕೂರುವುದು ಲೇಸು.

ದಿನದ ಮುಖ್ಯ ಕೆಲಸ ಪ್ರಸಂಗಗಳು. ಠರಾವು ಪುಸ್ತಕ ಮತ್ತು ಮಾತುಕತೆಯಿಂದ 6 ಪ್ರಸಂಗ ಆರಿಸಿಕೊಳ್ಳಿ. ಒಂದೊಂದಕ್ಕೆ 25 ನಿಮಿಷ: 5 ಬರೆಯಲು, 10 ಓದಲು, 10 ಜಗಳಕ್ಕೆ. ನಿಮ್ಮಂಥ ಕಂಪನಿಯಲ್ಲಿ ಬಂದೇ ಬರುವ ಪ್ರಸಂಗವೊಂದನ್ನು ಬಿಡಿಸಿ ತೋರಿಸುತ್ತೇನೆ.

ಮೇ ತಿಂಗಳ ಕೊನೆ. ಸಿದ್ದಾಪುರದ ಒಳಹಳ್ಳಿಯಿಂದ ಸದಸ್ಯನೊಬ್ಬ ಬಸ್ಸಿನಲ್ಲಿ 30 ಕಿಲೋ ತುಡುವೆ ಜೇನು ತಂದಿದ್ದಾನೆ. ಖರೀದಿಯ ಹುಡುಗ ತೇವಾಂಶ ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಒಂದು ಹನಿ ಹಾಕಿ, ಮುಚ್ಚಿ, ಕಿಟಕಿಯ ಬೆಳಕಿಗೆ ಹಿಡಿಯುತ್ತಾನೆ. ನೀಲಿ–ಬಿಳಿಯ ಗೆರೆ ತೇವಾಂಶ 22 ಎಂದು ತೋರಿಸುತ್ತದೆ. ಆಹಾರ ಸುರಕ್ಷತಾ ನಿಯಮದ ಸಾಮಾನ್ಯ ಮಿತಿ ಶೇ. 20. ಅದಕ್ಕಿಂತ ಹೆಚ್ಚಿದ್ದರೆ ಮಳೆಗಾಲದಲ್ಲಿ ಬಾಟಲಿಯೊಳಗೇ ನೊರೆ ಬಂದು ಹುಳಿಯುತ್ತದೆ. ಜೇನುಹುಳುಗಳು ಮೇಣದ ಮುಚ್ಚಳ ಹಾಕಿ ಮುಗಿಸುವ ಮೊದಲೇ ಮಳೆಯ ಭಯಕ್ಕೆ ಎರಿ ತೆಗೆದದ್ದು ಕಾರಣ. ಸದಸ್ಯನಿಗೂ ಅದು ಗೊತ್ತು. ವಾಪಸ್ ಕಳಿಸಿದರೆ ಅವನು ಮುಂದಿನ ವರ್ಷ ಈ ಕಡೆ ಮುಖ ಹಾಕುವುದಿಲ್ಲ. ಶೇ. 18ರ ಜೇನು ಅಷ್ಟೇ ತೂಕದಲ್ಲಿ ಬೆರೆಸಿದರೆ ಸರಾಸರಿ ಸರಿಯಾಗಿ 20ಕ್ಕೆ ಬಂದು ನಿಲ್ಲುತ್ತದೆ. ಬೆರೆಸೋಣವೇ? ಕಡಿಮೆ ದರಕ್ಕೆ ತೆಗೆದುಕೊಂಡು ನೀರಿನಂಶ ಇಳಿಸೋಣವೇ? ಹೆಚ್ಚು ಬಿಸಿ ಮಾಡಿದರೆ ಜೇನಿನ ಗುಣ ಕೆಡುತ್ತದೆ. ತಿರಸ್ಕರಿಸೋಣವೇ? ಈ ಸದಸ್ಯ ನಿರ್ದೇಶಕರೊಬ್ಬರ ಭಾವ ಎಂದಾದರೆ ಉತ್ತರ ಬದಲಾಗುತ್ತದೆಯೇ?

ಚೀಟಿ ತೆಗೆದು ಓದಿ. ಉತ್ತರ ಮೂರು ದಿಕ್ಕಿಗೆ ಹೋಗಿರುತ್ತದೆ. ಬೆಳಿಗ್ಗೆ 'ಗುಣಮಟ್ಟ'ಕ್ಕೂ 'ರೈತಸ್ನೇಹಿ'ಗೂ ಒಟ್ಟಿಗೆ ಕೈ ಎತ್ತಬಹುದಾಗಿದ್ದವರು ಈಗ ಎರಡರಲ್ಲಿ ಒಂದನ್ನು ಮೇಲಿಡಬೇಕಾಗುತ್ತದೆ. ಯಾವುದನ್ನು ಎಂಬ ಒಪ್ಪಂದವೇ ಮೌಲ್ಯ. ಒಂದು ಸಂಸ್ಥೆ 'ಗೆರೆ ದಾಟಿದ ಮಾಲು ಯಾರದ್ದೇ ಆಗಲಿ ತೆಗೆದುಕೊಳ್ಳುವುದಿಲ್ಲ' ಎನ್ನಬಹುದು. ಇನ್ನೊಂದು 'ಸದಸ್ಯನ ಮಾಲು ವಾಪಸ್ ಕಳಿಸುವುದಿಲ್ಲ, ಬೇರೆ ಪೀಪಾಯಿ, ಬೇರೆ ದರ, ಬೇರೆ ಮಾರುಕಟ್ಟೆ' ಎನ್ನಬಹುದು. ಎರಡೂ ಮರ್ಯಾದಸ್ಥ ಉತ್ತರಗಳೇ. ಎರಡನೆಯದಕ್ಕೆ ಪೀಪಾಯಿ, ಜಾಗ, ಸಿಬ್ಬಂದಿ ಬೇಕು ಎಂದು ಲೆಕ್ಕದವರು ಅಲ್ಲೇ ಹೇಳಲಿ. ಖರ್ಚು ಎಷ್ಟೆಂದು ಗೊತ್ತಾಗದೆ ಮೌಲ್ಯ ಒಪ್ಪುವವರು ಮಾರ್ಚ್ ಲೆಕ್ಕ ನೋಡಿ ತಿರುಗಿ ಬೀಳುತ್ತಾರೆ.

ಉಳಿದ ಪ್ರಸಂಗಗಳಿಗೆ ಕೆಲವು ಸುಳಿವು: ಬೆಂಗಳೂರಿನ ಖರೀದಿದಾರನಿಗೆ ಮೆಣಸಿನ ದರ ಮಾತಾಗಿದೆ, ಮಾಲು ಹೋಗುವ ಮೊದಲು ಪೇಟೆ ಏರಿದೆ. ನಿರ್ದೇಶಕರೊಬ್ಬರ ಗಾಡಿಯನ್ನೇ ಸಾಗಾಟಕ್ಕೆ ಹಿಡಿಯಬೇಕೆಂಬ ಬೇಡಿಕೆ ಬಂದಿದೆ. ಅಪ್ಪೆಮಿಡಿಯ ನಾಲ್ಕು ವಾರದಲ್ಲಿ ಮಿಡಿ ತೊಟ್ಟು ಬಿಡಿಸುವ ಹೆಂಗಸರು ರಾತ್ರಿ ಒಂಬತ್ತರವರೆಗೆ ಕೂರಬೇಕಾಗಿದೆ. ಮೂರನೆಯದನ್ನು ಬಿಡಬೇಡಿ. ರೈತರ ಕಂಪನಿಗಳು ರೈತನ ಬಗ್ಗೆ ಪುಟಗಟ್ಟಲೆ ಬರೆದು ಕೂಲಿಯ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ.

ನಡುವೆ ಕವಳದ (ಎಲೆಯಡಿಕೆಯ) ಬಿಡುವು ಧಾರಾಳವಾಗಿ ಕೊಡಿ. ಸುತ್ತಿನಲ್ಲಿ ಬಾಯಿಬಿಡದವರು ಅಲ್ಲಿ ಮಾತನಾಡುತ್ತಾರೆ, ಕಿವಿ ಅಲ್ಲಿರಲಿ.

ಮಧ್ಯಾಹ್ನದ ಮೇಲೆ ಪ್ರಸಂಗಗಳಿಂದ ಹೊರಬಂದ ಮಾತುಗಳನ್ನು ಗೋಡೆಗೆ ಅಂಟಿಸಿದರೆ 8–10 ಗುಂಪಾಗುತ್ತವೆ. ಅವನ್ನು 4ಕ್ಕೆ, ಹೆಚ್ಚೆಂದರೆ 5ಕ್ಕೆ ಇಳಿಸಬೇಕು. ಎರಡು ಜರಡಿ ಇಡಿ. ಮೊದಲನೆಯದು: ಇದರ ವಿರುದ್ಧವನ್ನು ಬುದ್ಧಿ ನೆಟ್ಟಗಿರುವ ಬೇರೊಂದು ಸಂಸ್ಥೆ ಆರಿಸಿಕೊಳ್ಳಬಹುದೇ? 'ತೂಕವಾದ ದಿನವೇ ಹಣ' ಎಂಬುದಕ್ಕೆ ವಿರುದ್ಧ 'ಕಾದು ಮಾರಿ ಹೆಚ್ಚು ದರ ಹಂಚುವುದು', ಅದೂ ಒಂದು ದಾರಿ. ಹಾಗಾಗಿ ಇದು ನಿಜವಾದ ಆಯ್ಕೆ, ಉಳಿಯಲಿ. 'ಪ್ರಾಮಾಣಿಕತೆ'ಯ ವಿರುದ್ಧವನ್ನು ಯಾರೂ ಬರೆದುಕೊಳ್ಳುವುದಿಲ್ಲ. ಅದು ಎಲ್ಲರಿಗೂ ಇರಬೇಕಾದ ಕನಿಷ್ಠ ಶಿಸ್ತು, ಸೇವಾ ನಿಯಮಕ್ಕೆ ಸೇರಿಸಿ. ಎರಡನೆಯದು: ಇದನ್ನು ಪಾಲಿಸಿದ್ದಕ್ಕೆ ಎರಡು ಘಟನೆ ತೋರಿಸಬಹುದೇ? ತೋರಿಸಲಾಗದಿದ್ದರೆ ಅದು ಹಂಬಲ. ಹಂಬಲ ಒಂದು ಇರಲಿ, ಆದರೆ 'ಇದನ್ನು ಇನ್ನೂ ಕಲಿಯುತ್ತಿದ್ದೇವೆ' ಎಂದು ಬರೆದೇ ಇಡಿ. ಇಲ್ಲದಿದ್ದರೆ ಕಾಟಾದ ಬಳಿ ನಿಂತ ಸಿಬ್ಬಂದಿ ನಗುತ್ತಾರೆ, ಉಳಿದ ಮೂರನ್ನೂ ಸೇರಿಸಿ. ಕೊನೆಗೆ ಉಳಿದವನ್ನು ಮೇಲಿಂದ ಕೆಳಗೆ ಸಾಲಾಗಿ ಇಡಿ, ಎರಡು ಡಿಕ್ಕಿಯಾದಾಗ ಮೇಲಿನದು ಗೆಲ್ಲಬೇಕು. ಹೆಚ್ಚಿನ ಸಂಸ್ಥೆಗಳು ಈ ಕೆಲಸವನ್ನೇ ಹಾರಿಸಿಬಿಡುತ್ತವೆ.

ಕರಡನ್ನು 14 ಜನ ಕೂಡಿ ಬರೆಯಬಾರದು. ಹತ್ತು ಕೈ ಸೇರಿದರೆ ವಾಕ್ಯದ ತುಂಬ 'ಮೂಲಕ', 'ಮತ್ತು', 'ಸರ್ವತೋಮುಖ' ತುಂಬಿಕೊಳ್ಳುತ್ತವೆ. ಇಬ್ಬರಿಗೆ ವಹಿಸಿ, ಒಬ್ಬರು ನಿರ್ದೇಶಕರು, ಒಬ್ಬರು ಸಿಬ್ಬಂದಿ. 7 ದಿನ, ಒಂದು ಪುಟ. ಕನ್ನಡದಲ್ಲೇ ಬರೆಯಲಿ, ಬ್ಯಾಂಕಿಗೆ, ಅನುದಾನ ಕೊಡುವವರಿಗೆ ಇಂಗ್ಲಿಷ್ ಆಮೇಲೆ. ಇಂಗ್ಲಿಷಿನಿಂದ ಇಳಿಸಿದ್ದು ಓದಿದ ತಕ್ಷಣ ಗೊತ್ತಾಗುತ್ತದೆ: 'ಗುಣಮಟ್ಟದ ಉತ್ಪನ್ನಗಳ ಮೂಲಕ ರೈತರ ಸರ್ವತೋಮುಖ ಅಭಿವೃದ್ಧಿ ಸಾಧಿಸಿ ಮುಂಚೂಣಿಯ ಸಂಸ್ಥೆಯಾಗುವುದು.' ಇದನ್ನು ಯಾವ ಜಿಲ್ಲೆಯ ಯಾವ ಕಂಪನಿಯ ಬಾಗಿಲಿಗೆ ಬೇಕಾದರೂ ಹಚ್ಚಬಹುದು. ನಿಮ್ಮ ಸರಕುಗಳನ್ನು ನೋಡಿದರೆ ನನಗೆ ತೋಚುವ ಕರಡು ಹೀಗಿದೆ: 'ಅಡಿಕೆಯೊಂದನ್ನೇ ನಂಬಿದ ಮನೆಗೆ ತೋಟದ, ಬೆಟ್ಟದ ಉಳಿದ ಬೆಳೆಯಿಂದಲೂ ವರ್ಷವರ್ಷ ಹುಟ್ಟುವಳಿ ಬರುವಂತೆ ಮಾಡುವುದು.' ಇದರಲ್ಲಿ ಯಾರಿಗೆ, ಏನು, ಯಾವ ಬದಲಾವಣೆ ಎಂಬ ಮೂರೂ ಇವೆ. ಮುಖ್ಯವಾಗಿ ಇದು ಕೆಲವಕ್ಕೆ ಬೇಡ ಎನ್ನುತ್ತದೆ: ದರ ಏರಿದ ವರ್ಷ 'ನಾವೂ ಅಡಿಕೆ ವಖಾರಿ ತೆರೆಯೋಣ' ಎಂದು ಯಾರಾದರೂ ಎದ್ದರೆ ಈ ವಾಕ್ಯವನ್ನು ದಾಟಿ ಹೋಗಬೇಕು. ನಿಮ್ಮವರಿಗೆ ಅಡಿಕೆಯೂ ಬೇಕೆಂದಿದ್ದರೆ ವಾಕ್ಯ ಬೇರೆಯಾಗಲಿ, ಆದರೆ ಆ ಜಗಳ ಈಗಲೇ ಆಗಲಿ.

ಪ್ರತಿ ಮೌಲ್ಯದ ಕೆಳಗೆ 'ಹೀಗೆ ಮಾಡುತ್ತೇವೆ' ಎರಡು ಸಾಲು, 'ಹೀಗೆ ಮಾಡುವುದಿಲ್ಲ' ಒಂದು ಸಾಲು ಬೇಕು. 'ಮೌಲ್ಯ' ಎಂಬ ಪದವನ್ನೂ ಒಮ್ಮೆ ಯೋಚಿಸಿ. ಖರೀದಿ ಕೌಂಟರಿನಲ್ಲಿ ಅದು ಬಿಲ್ಲಿನ ಮೊತ್ತ. 'ನಮ್ಮ ರೀತಿ' ಎಂದರೆ ಹಮಾಲರಿಗೂ ಕೂಡಲೇ ತಿಳಿಯುತ್ತದೆ.

ಎರಡು ಬೈಠಕ್‌ಗಳ ನಡುವೆ ಈ ಪುಟವನ್ನು 10 ಸಿಬ್ಬಂದಿ, 15 ಸದಸ್ಯರಿಗೆ ಓದಿ ಹೇಳಿ. ಕೈಗೆ ಕೊಟ್ಟರೆ 'ಚೊಲೋ ಇದ್ದು' ಎಂದು ವಾಪಸ್ ಕೊಡುತ್ತಾರೆ. ಓದಿ, ಎರಡು ಪ್ರಶ್ನೆ ಕೇಳಿ: ನಿಮ್ಮ ನಾಳಿನ ಕೆಲಸದಲ್ಲಿ ಇದರಿಂದ ಏನು ಬದಲಾಗುತ್ತದೆ? ಇದನ್ನು ನಾವು ಯಾವಾಗ ಮುರಿದಿದ್ದೇವೆ? ಕುಮಟಾ ಶಾಖೆಯನ್ನು ಮರೆಯಬೇಡಿ. ಘಟ್ಟದ ಮೇಲೆ ಕೂತು ಬರೆದದ್ದು ಕೆಳಗಿನವರಿಗೆ 'ಶಿರಸಿಯವರದ್ದು' ಎನಿಸಿದರೆ ಮುಗಿಯಿತು. ಬಂದ ಉತ್ತರಗಳನ್ನು ಎರಡನೆಯ ಬೈಠಕ್‌ನಲ್ಲಿ ಮುಚ್ಚುಮರೆಯಿಲ್ಲದೆ ಓದಿ, ತಿದ್ದಿ, ಆಡಳಿತ ಮಂಡಳಿಯಲ್ಲಿ ಠರಾವು ಮಾಡಿಸಿ. ಮುಂದಿನ ವಾರ್ಷಿಕ ಸಭೆಯಲ್ಲಿ ಸದಸ್ಯರ ಮುಂದಿಡಿ. ಉತ್ಪಾದಕ ಕಂಪನಿಯಲ್ಲಿ ಎಷ್ಟು ಶೇರಿದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ, ಅವರ ಒಪ್ಪಿಗೆಗೆ ತೂಕವಿದೆ.

ಆಮೇಲೆ ಮಾಡಬೇಕಾದ ಮೊದಲ ಕೆಲಸ ಖರೀದಿ ನಿಯಮದ ತಿದ್ದುಪಡಿ. ಜೇನು 20 ದಾಟಿದರೆ ಏನು, ನಿರ್ಧಾರ ಯಾರದ್ದು, ನಿರ್ದೇಶಕರ ಫೋನ್ ಬಂದರೆ ಹುಡುಗ ಏನು ಹೇಳಬೇಕು, ಎಲ್ಲ ಅಲ್ಲಿ ಬರಲಿ. ಸಂದರ್ಶನದಲ್ಲಿ ಇದೇ ಪ್ರಸಂಗಗಳನ್ನು ಕೇಳಿ. ಮೂರು ತಿಂಗಳಿಗೊಮ್ಮೆ ಮಂಡಳಿಯ ಸಭೆಯಲ್ಲಿ ಒಂದು ಕಷ್ಟದ ನಿರ್ಣಯ ಎತ್ತಿಕೊಂಡು, ಬರೆದ ಸಾಲಿನಂತೆ ನಡೆದೆವೋ ಇಲ್ಲವೋ ನೋಡಿ. ಎರಡು ಬಾರಿ ನಡೆಯಲಿಲ್ಲವೆಂದರೆ ಸಾಲು ತಿದ್ದಬೇಕೋ ನಡತೆ ತಿದ್ದಬೇಕೋ ಎಂಬ ಚರ್ಚೆಯನ್ನೇ ಕಾರ್ಯಸೂಚಿಗೆ ಹಾಕಿ.

ಫ್ಲೆಕ್ಸ್ ಮಾಡಿಸುವವರು ಆ ವಾರವೇ ಬಂದು ಅಳತೆ ಕೇಳುತ್ತಾರೆ. ಮುಂದಿನ ಜೇನಿನ ಹಂಗಾಮು ಮುಗಿಯಲಿ ಎಂದು ಹೇಳಿ ಕಳಿಸಿ.